ಹೊಳೆಯದ ಮೀನುಗಳು

ನನ್ನ ಗಂಟಲ ಮೇಲೆ ಒಂದು ಮೊಣಕೈ ಇತ್ತು.

ಬೆನ್ನಿಗೆ ಲ್ಯಾಬಿನ ಸಿಂಕ್. ಮಟಮಟ ಮಧ್ಯಾಹ್ನ. ಆದರೂ ಕಿಟಕಿಗೆಲ್ಲ ಕಪ್ಪು ಪರದೆ... ನನ್ನ ತಂಗಿಯ ಕೆಲಸಕ್ಕೆ ಕತ್ತಲೆ ಬೇಕು. ನನ್ನ ಕೆಲಸಕ್ಕೆ ಗಂಟಲು ಬೇಕು. ಜನರನ್ನು ಬೈದು ದಾರಿಗೆ ತರುವುದೇ ನನ್ನ ಕಸುಬು.

ಮೊಣಕೈ ಗೂಳಿ ಅನ್ನುವವನದು. ಅವನನ್ನು ಬಾಡಿಗೆಗೆ ತಂದವನು ಪಕ್ಕದಲ್ಲೇ ಟೈ ಸರಿಮಾಡಿಕೊಳ್ಳುತ್ತಿದ್ದ. ತಾಮ್ರದ ಲೇಪ ಹಾಕುವ ಕಾರ್ಖಾನೆಯ ಮ್ಯಾನೇಜರ್. ಬಹಳ ಸಭ್ಯಸ್ಥ ಸ್ವಾಮಿ! ಬಡಾವಣೆ ಪೂರ್ತಿ ಕುಡಿಯುವ ಕೆರೆಗೆ ಕೊಳಚೆ ಬಿಡುವಾಗಲೂ ಟೈ ಕಟ್ಟಿರುತ್ತಾನೆ.

ಅರ್ಧ ಗಂಟೆಯಲ್ಲಿ ಮಾಲಿನ್ಯ ಮಂಡಳಿಯ ಇನ್‌ಸ್ಪೆಕ್ಟರ್ ಬರುವವರಿದ್ದರು. ತಂಗಿಯ ಸಾಕ್ಷಿ ನೋಡಿದರೆ ಕಾರ್ಖಾನೆಗೆ ಬೀಗ. ಇಲ್ಲವಾದರೆ ಮಕ್ಕಳು ಅದೇ ನೀರು ಕುಡಿಯಬೇಕು.

ಸಾಕ್ಷಿ ಅಂದರೆ ಇಪ್ಪತ್ತು ಗಾಜಿನ ತಟ್ಟೆ. ಒಳಗೆ ರೆಪ್ಪೆಗೂದಲಿನಷ್ಟು ಸಣ್ಣ ಮೀನುಮರಿಗಳು, ಜೀವಂತ. ಮೈಯಲ್ಲಿ ತಾಮ್ರ ಸೇರಿದೆಯೋ ಇಲ್ಲವೋ ತೋರಿಸುವ ಬಣ್ಣವನ್ನು ಅವಕ್ಕೆ ತಂಗಿ ಕುಡಿಸಿದ್ದಳು. ನೇರಳೆ ದೀಪದಡಿ ಹತ್ತು ತಟ್ಟೆ ಹಸಿರಾಗಿ ಹೊಳೆಯುತ್ತಿದ್ದವು. ಹತ್ತು ಕಪ್ಪಗೆ ಕೂತಿದ್ದವು. ತಟ್ಟೆಗಳ ಮೇಲೆ ಬರೀ ನಂಬರು.

ಮ್ಯಾನೇಜರ್ ಬುದ್ಧಿವಂತ. ತಾಮ್ರ ಸಿಕ್ಕರೆ ಬಣ್ಣ ಹೊಳೆಯುತ್ತದೆ ಅಂತ ಎಲ್ಲೋ ಓದಿಕೊಂಡೇ ಬಂದಿದ್ದ.

“ಹೊಳೆಯೋದನ್ನೆಲ್ಲ ಚೆಲ್ಲೋ. ಕಪ್ಪಗಿರೋದು ಇರಲಿ. ಸಾಹೇಬ್ರಿಗೆ ನೋಡೋಕೆ ಏನಾದ್ರೂ ಬೇಕಲ್ಲ.”

ನಾನು ಹೊಳೆಯುವ ತಟ್ಟೆಗಳತ್ತ ನೋಡಿ ಕೈ ಮುಗಿದೆ. ಹುಟ್ಟಿದಾಗಿನಿಂದ ಯಾರಿಗೂ ಮುಗಿಯದ ಕೈ! ತಂಗಿ ಬಿಕ್ಕಿಬಿಕ್ಕಿ ಅತ್ತಳು. ಮ್ಯಾನೇಜರನಿಗೆ ಖುಷಿಯೋ ಖುಷಿ. ಗೂಳಿ ಒಂದು ಕೈಯಲ್ಲಿ ನನ್ನನ್ನು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಹತ್ತೂ ತಟ್ಟೆ ಸಿಂಕಿಗೆ ಸುರಿದ.

ತಮಾಷೆ ನೋಡಲೆಂದು ಮ್ಯಾನೇಜರ್ ಕುರ್ಚಿ ಎಳೆದು ಕೂತ. ಇನ್‌ಸ್ಪೆಕ್ಟರ್ ಬಂದರು. ಗೂಳಿ ನನ್ನ ಕಾಲರ್ ಸರಿಮಾಡಿ ಬಿಟ್ಟ.

ತಂಗಿ ಕಣ್ಣೊರೆಸಿಕೊಂಡು ಕಪ್ಪು ತಟ್ಟೆಗಳನ್ನು ಮುಂದೆ ತಳ್ಳಿದಳು.

“ಇವು ಕೆರೆ ನೀರಲ್ಲಿದ್ದ ಮರಿಗಳು ಸಾರ್. ಕೆಲವು ಬಣ್ಣ ತಾಮ್ರ ಸಿಕ್ಕಿದ್ರೆ ಹೊಳೆಯುತ್ತೆ. ಇದು ಆರಿಹೋಗುತ್ತೆ.”

“ಒಳ್ಳೆ ನೀರಲ್ಲಿದ್ದವು ಎಲ್ಲಿ?”

“ಈಗಷ್ಟೇ ಚೆಲ್ಲಿಹೋಯ್ತು ಸಾರ್. ಪಾಪದವು. ಒಳ್ಳೆ ನೀರಿನ ತೊಟ್ಟಿ ತುಂಬ ಇನ್ನೂ ಇವೆ, ಬಣ್ಣ ಕುಡಿಸೋಕೆ ಅರ್ಧ ಗಂಟೆ ಕೊಡಿ.”

ಕೊಟ್ಟರು. ಹೊಸ ಮರಿಗಳು ಹಸಿರಾಗಿ ಹೊಳೆದವು. ಪಕ್ಕದಲ್ಲಿ, ಮ್ಯಾನೇಜರ್ ತಾನೇ ಕಾಪಾಡಿಟ್ಟ ಹತ್ತು ಕಪ್ಪು ತಟ್ಟೆ.

ಸಂಜೆಗೆ ಕಾರ್ಖಾನೆಗೆ ಬೀಗ ಬಿತ್ತು. ಜೀಪು ಹತ್ತುವ ಮುಂಚೆ ಮ್ಯಾನೇಜರ್ ನನ್ನ ಮುಂದೆ ನಿಂತ.

“ಗೊತ್ತಿತ್ತಲ್ಲ ನಿಂಗೆ? ಒಂದು ಮಾತು ಹೇಳಬಾರದಿತ್ತೇನೋ?”

“ಹೇಳೋಣ ಅಂತಿದ್ದೆ,” ಅಂದೆ. “ಗಂಟಲ ಮೇಲೆ ನಿನ್ನ ಗೂಳಿ ಕೂತಿದ್ದ.”