ಮ್ಯೂಟ್ ಒತ್ತಿದ ಮೇಲೆ

"ನೀವು ಆ ಅಜ್ಜಿಗೆ ಸುಳ್ಳು ಹೇಳಿದ್ರಿ."

ನಮಸ್ಕಾರವಿಲ್ಲ, ಕೂತ್ಕೊಳ್ಳಿ ಅನ್ನುವ ಮಾತಿಲ್ಲ. ಗಾಜಿನ ಕೋಣೆಯೊಳಗೆ ಕಾಲಿಡುತ್ತಿದ್ದಂತೆ ಅವಳಿಗೆ ಸಿಕ್ಕ ಸ್ವಾಗತ ಇದು!

ಹೇಳಿದವನು ಆ ವಾರವಷ್ಟೇ ಸೇರಿದ್ದ ಹೊಸ ಕ್ವಾಲಿಟಿಯವನು. ಫ್ರಿಜ್ಜು, ವಾಷಿಂಗ್ ಮಷೀನು ಮಾರುವ ಕಂಪನಿಯ ಕಸ್ಟಮರ್ ಕೇರ್ ಆಫೀಸು ಅದು. ಸಾಲಾಗಿ ಕೂತ ಹುಡುಗ ಹುಡುಗಿಯರು ಫೋನಿನಲ್ಲಿ ದೂರು ಕೇಳುತ್ತಾರೆ; ಅವಳೂ ಅವರಲ್ಲೊಬ್ಬಳು. ಅಲ್ಲಿ ಆಡಿದ್ದೆಲ್ಲ ರೆಕಾರ್ಡ್ ಆಗುತ್ತದೆ. ಆ ರೆಕಾರ್ಡಿಂಗ್ ಕೇಳಿ, ಯಾರು ಚೆನ್ನಾಗಿ ಮಾತಾಡಿದರು, ಯಾರು ಸಿಡುಕಿದರು ಎಂದು ಮಾರ್ಕ್ಸ್ ಹಾಕುವುದು ಕ್ವಾಲಿಟಿಯವರ ಕೆಲಸ. ದಿನವಿಡೀ ಹೆಡ್‌ಫೋನ್ ಹಾಕಿಕೊಂಡು ಕೂರುವ ಇವನಿಗೆ ಬಂದ ಎರಡೇ ದಿನಕ್ಕೆ 'ಕಿವಿರಾಯ' ಎಂದು ಹೆಸರು ಬಿದ್ದಿತ್ತು.

"ಸುಳ್ಳಾ? ನಾನಾ?" ಅವಳ ಮೂಗಿನ ತುದಿ ಕೆಂಪಾಯಿತು.

"ಮೆಕ್ಯಾನಿಕ್ ನಾಳೆನೇ ಬರ್ತಾರೆ ಅಂತ ನಿನ್ನೆ ಹೇಳಿದ್ರಿ. ಇವತ್ತು ಒಬ್ಬ ಮೆಕ್ಯಾನಿಕ್ಕೂ ಬಿಡುವಿಲ್ಲ. ಅದು ನಿಮ್ಮ ಸ್ಕ್ರೀನಲ್ಲೇ ಇತ್ತು."

"ಅವರು ಅಳೋ ಹಾಗಿದ್ರು ಸಾರ್! ಸಮಾಧಾನಕ್ಕೆ ಅಂತ..."

"ಸಮಾಧಾನ ಆಗಿದ್ದು ನಿಮಗೆ. ಕಾಲ್ ಬೇಗ ಮುಗೀತು. ಅವರು ಈಗ ಬಾಗಿಲು ನೋಡ್ತಾ ಕೂತಿರ್ತಾರೆ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

"ನಿಮಗೆ ಕಿವಿ ಮಾತ್ರ ಇದೆ ಸಾರ್. ಮನಸ್ಸು ಅನ್ನೋದೂ ಇದ್ದಿದ್ರೆ ನೀವೂ ಅದನ್ನೇ ಹೇಳ್ತಿದ್ರಿ!"

ಹೊರಗೆ ಬಂದು ಬಾಗಿಲನ್ನು ದಡಾರನೆ ಹಾಕಬೇಕೆಂದುಕೊಂಡಳು. ಅದೋ, ತಾನಾಗಿಯೇ ಮೆಲ್ಲಗೆ ಮುಚ್ಚಿಕೊಳ್ಳುವ ಬಾಗಿಲು. ಎಷ್ಟು ತಳ್ಳಿದರೂ ತನ್ನ ಪಾಡಿಗೆ ತಾನು ನಿಧಾನವಾಗಿ ಬಂದು ಕೂತಿತು. ಸಿಟ್ಟಿಗೂ ಒಂದು ಮರ್ಯಾದೆ ಬೇಡವೇ!

ಸೀಟಿಗೆ ಬಂದು ಕೂತರೆ ಕೆಲಸ ಸಾಗಲಿಲ್ಲ. ಬಾಗಿಲು ನೋಡುತ್ತ ಕೂತ ಅಜ್ಜಿ ಕಣ್ಣ ಮುಂದಿನಿಂದ ಕದಲಲೊಲ್ಲರು. ಕೊನೆಗೆ ನಂಬರು ಹುಡುಕಿ ತಾನೇ ಫೋನು ಮಾಡಿದಳು.

"ಹೊರಟ್ರಾ ಮಗಳೇ? ಬಾಗಿಲು ತೆಗೆದೇ ಇಟ್ಟಿದೀನಿ. ಬಚ್ಚಲಿಗೂ ಹೋಗಿಲ್ಲ, ಬೆಲ್ ಕೇಳಿಸಲ್ವೇನೋ ಅಂತ..."

ಅವಳು ಮಾತು ತಡೆದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತಪ್ಪಾಯ್ತು ಅಂದಳು. ಅಜ್ಜಿ ಚೆನ್ನಾಗಿಯೇ ಬೈದರು. ಬೈದು ಮುಗಿಸಿ, "ಸದ್ಯ, ಈಗ್ಲಾದ್ರೂ ಹೇಳಿದ್ಯಲ್ಲ. ಸ್ವಲ್ಪ ಅಡ್ಡಾಗ್ತೀನಿ," ಎಂದು ಫೋನಿಟ್ಟರು.

ಅವಳು ತಲೆಯೆತ್ತಿ ಗಾಜಿನ ಕೋಣೆಯತ್ತ ನೋಡಿದಳು. ಕಿವಿರಾಯ ಕಣ್ಣು ಮುಚ್ಚಿ ಇನ್ಯಾರದೋ ಮಾತು ಕೇಳುತ್ತಿದ್ದ.

'ಛೇ! ಈ ಮನುಷ್ಯ ಹೇಳಿದ್ದು ಸರಿ ಅನ್ನೋದೇ ಒಂದು ದೊಡ್ಡ ತಲೆನೋವು...'

ಹಾಗೆಂದು ನಮ್ಮ ಹುಡುಗಿಗೆ ಕೆಲಸದ ಮೇಲೆ ಬೇಸರವಿತ್ತೇ? ಇಲ್ಲವೇ ಇಲ್ಲ. ಬೆಳಗ್ಗೆ ಹೆಡ್‌ಸೆಟ್ಟಿನ ಸ್ಪಂಜನ್ನು ಒರೆಸಿ, ನೀರಿನ ಬಾಟಲಿ ಬಲಕ್ಕಿಟ್ಟು, ಚಪ್ಪಲಿ ಕಳಚಿ ಮೇಜಿನ ಕೆಳಗೆ ತಳ್ಳಿದರೆ ಅವಳು ರಾಣಿ. ನೀರು ಸೋರುವ ಮಷೀನಿನವರು, ತಣ್ಣಗಾಗದ ಫ್ರಿಜ್ಜಿನವರು, ಸುಮ್ಮನೆ ಬೈಯಲಿಕ್ಕೆಂದೇ ಫೋನು ಮಾಡುವವರು... ಎಲ್ಲರಿಗೂ ಅದೇ ಸಕ್ಕರೆ ದನಿ. ಮನೆಯಲ್ಲೂ ಮೈಮರೆತು "ನಿಮಗಾದ ತೊಂದರೆಗೆ ವಿಷಾದಿಸುತ್ತೇನೆ" ಅಂದುಬಿಟ್ಟರೆ ಅಮ್ಮ ಸೌಟು ಹಿಡಿದೇ ತಿರುಗುತ್ತಿದ್ದಳು.

"ವಿಷಾದ ಆಮೇಲೆ. ಮೊದಲು ಆ ಪಾತ್ರೆ ತೊಳಿ!"

ಇಷ್ಟೆಲ್ಲ ಬೈಗುಳ ನುಂಗಿಯೂ ಅವಳು ನಗುತ್ತಿದ್ದುದರ ಗುಟ್ಟು ಒಂದೇ ಒಂದು. ಮ್ಯೂಟ್ ಗುಂಡಿ! ಅದನ್ನು ಒತ್ತಿದರೆ ಇತ್ತಲಿನ ಮಾತು ಅತ್ತಲಿನವರಿಗೆ ಕೇಳಿಸದು. ಗ್ರಾಹಕರು ಬಿಲ್ಲು ಹುಡುಕಲು ಹೋದರೆ ಸಾಕು, ಇವಳು ಮ್ಯೂಟ್ ಒತ್ತಿ ಹೊಟ್ಟೆಯೊಳಗಿನದನ್ನೆಲ್ಲ ಹೊರಗೆ ಹಾಕುವಳು. ಬೈಯುವಳು, ಗುನುಗುವಳು, ಪಕ್ಕದ ಸೀಟಿನ ಗೆಳತಿಯ ಜೊತೆ ಹರಟುವಳು. ಆ ಗೆಳತಿಗೆ ಆಫೀಸಿನಲ್ಲಿ 'ಪಟಪಟಿ' ಎಂದೇ ಹೆಸರು. ಯಾಕೆಂದು ಬೇರೆ ಹೇಳಬೇಕಿಲ್ಲ.

ಶುಕ್ರವಾರ ಮಧ್ಯಾಹ್ನ ಮಾತ್ರ ಬೇರೆ. ಅವತ್ತು ಕಿವಿರಾಯ ಒಬ್ಬೊಬ್ಬರನ್ನೇ ಕರೆದು, ಅವರದೇ ಒಂದು ಕಾಲ್ ಹಾಕಿ ಜೊತೆಗೆ ಕೂತು ಕೇಳುತ್ತಿದ್ದ. ಒಂದೇ ರೆಕಾರ್ಡಿಂಗು, ಎರಡು ಹೆಡ್‌ಫೋನು.

ಮೊದಲ ಸಲ ಅವಳು ಮುಖ ದಪ್ಪ ಮಾಡಿಕೊಂಡೇ ಕೂತಳು. ಅವನು ಬಿಸಿನೀರಿನ ಲೋಟವನ್ನು ಅವಳತ್ತ ಸರಿಸಿದ.

"ಗಂಟಲು ಕಟ್ಟಿದೆ ನಿಮಗೆ. ಕುಡೀರಿ, ಆಮೇಲೆ ಕೇಳೋಣ."

ಕೇಳುತ್ತ ಕೇಳುತ್ತ ಒಂದು ಕಡೆ ನಿಲ್ಲಿಸಿದ. 'ಆಯ್ತು, ಇಲ್ಲೊಂದು ತಪ್ಪು ಸಿಕ್ಕಿರಬೇಕು' ಅಂದುಕೊಂಡಳು.

"ಇಲ್ಲಿ ಕೇಳಿ. ಅವರು ಕೂಗಾಡ್ತಿದ್ರು. ನೀವು ಏನೂ ಹೇಳದೆ ಸುಮ್ಮನೆ ಇದ್ರಿ. ಆ ಸುಮ್ಮನಿದ್ದಿದ್ದಕ್ಕೇ ಅವರ ಸಿಟ್ಟು ಇಳೀತು. ಇದನ್ನ ಯಾರೂ ಹೇಳ್ಕೊಡೋಕಾಗಲ್ಲ. ನಿಮಗೆ ಬರುತ್ತೆ."

ಅವಳ ಮಾತು ಚೆನ್ನಾಗಿದೆ ಎಂದವರು ಬೇಕಾದಷ್ಟು ಜನ. ಅವಳ ಮೌನವನ್ನು ಕೇಳಿಸಿಕೊಂಡವನು ಇವನೊಬ್ಬನೇ!

ಆಮೇಲಿನದು ನಿಮಗೇ ಗೊತ್ತಾಗಿರುತ್ತದೆ. ಗುರುವಾರ ಸಂಜೆಯೇ ಬಟ್ಟೆ ಇಸ್ತ್ರಿ ಮಾಡುವುದು ಶುರುವಾಯಿತು. ಶುಕ್ರವಾರ ಬೆಳಗ್ಗೆ ಬಚ್ಚಲ ಕನ್ನಡಿಯ ಮುಂದೆ ಅವಳು ನಿಂತರೆ ಅಮ್ಮ ಬಾಗಿಲು ಬಡಿಯಬೇಕಾಗುತ್ತಿತ್ತು.

"ಫೋನಲ್ಲಿ ಮಾತಾಡೋ ಕೆಲಸಕ್ಕೆ ಇಷ್ಟೊಂದು ಅಲಂಕಾರ ಯಾಕಮ್ಮಾ?"

ಅಮ್ಮನಿಗೆ ಉತ್ತರ ಸಿಗಲಿಲ್ಲ. ಪಟಪಟಿಗೆ ಸಿಕ್ಕಿತು. ಒಂದು ದಿನ ಯಾರೋ ಬಿಲ್ಲು ಹುಡುಕಲು ಹೋಗಿದ್ದಾಗ ಅವಳು ಮ್ಯೂಟ್ ಒತ್ತಿದ್ದೇ ತಡ, ಪಟಪಟಿ ಕುರ್ಚಿ ಎಳೆದುಕೊಂಡು ಬಂದಳು.

"ಏನೇ ಸಮಾಚಾರ? ಶುಕ್ರವಾರ ಬಂದ್ರೆ ನಿನ್ನ ಮುಖದಲ್ಲಿ ಬೇರೆನೇ ಲೈಟ್ ಹತ್ತುತ್ತೆ!"

"ಯಾರ ಹತ್ರನೂ ಬಾಯಿ ಬಿಡಬೇಡ... ನಂಗೆ ಆ ಕಿವಿರಾಯ ಅಂದ್ರೆ ಇಷ್ಟ ಕಣೇ."

"ಅಯ್ಯೋ! ಆ ಗಂಟುಮುಖಾನಾ?"

"ಗಂಟುಮುಖ ಅಲ್ಲ, ನಗೋಕೆ ಸ್ವಲ್ಪ ಹೊತ್ತು ತಗೋತಾರೆ ಅಷ್ಟೆ. ದಿನವಿಡೀ ಊರವರ ಮಾತೆಲ್ಲ ನಾನು ಕೇಳ್ತೀನಿ. ನನ್ನ ಮಾತು ಕೇಳೋರು ಅವರೊಬ್ಬರೇ ಅನ್ಸುತ್ತೆ. ಸಂಬಳಕ್ಕೇ ಕೇಳ್ತಾರೆ, ಗೊತ್ತು. ಆದ್ರೂ..."

"ಹಾಗಾದ್ರೆ ಹೋಗಿ ಹೇಳು!"

"ತಲೆ ಕೆಟ್ಟಿದ್ಯಾ? ಮಾರ್ಕ್ಸಿಗೋಸ್ಕರ ಬಂದಳು ಅಂದ್ಕೊಂಡ್ರೆ? ಸತ್ರೂ ಹೇಳಲ್ಲ!"

ಅಷ್ಟರಲ್ಲಿ ಅತ್ತ ಬಿಲ್ಲು ಸಿಕ್ಕಿತು. ಇವಳು ಮ್ಯೂಟ್ ತೆಗೆದು, "ಕಾದಿದ್ದಕ್ಕೆ ಧನ್ಯವಾದಗಳು," ಎಂದು ಸಕ್ಕರೆ ಸುರಿದಳು.

ಮುಂದಿನ ಶುಕ್ರವಾರ ಬಂತು. ನೀಲಿ ಬಟ್ಟೆ ಹಾಕಿಕೊಂಡು ಬಂದಿದ್ದಳು. ಒಬ್ಬೊಬ್ಬರಾಗಿ ಎಲ್ಲರೂ ಗಾಜಿನ ಕೋಣೆಗೆ ಹೋಗಿ ಬಂದರು. ಅವಳಿಗೆ ಕರೆ ಬರಲಿಲ್ಲ. ಸಂಜೆಯ ಹೊತ್ತಿಗೆ ಕರೆದವರು ಕ್ವಾಲಿಟಿ ವಿಭಾಗದ ಹಿರಿಯರು, ಎಲ್ಲರ 'ದೊಡ್ಡ ಮೇಡಂ'.

"ಇನ್ಮೇಲೆ ನಿನ್ನ ಕಾಲ್‌ಗಳನ್ನ ನಾನೇ ಕೇಳ್ತೀನಮ್ಮ."

"ಯಾಕೆ ಮೇಡಂ? ಅವರಿಗೆ ಕೆಲಸ ಜಾಸ್ತಿನಾ?"

"ಇಲ್ಲ. ನಿಂದು ಮಾತ್ರ ಬೇಡ ಅಂತ ಅವರೇ ಕೇಳ್ಕೊಂಡ್ರು. ಕಾರಣ ಕೇಳಿದ್ರೆ ಬಾಯಿ ಬಿಡಲಿಲ್ಲ."

ನಿಂದು ಮಾತ್ರ ಬೇಡ!

ಅವಳು ಬಸ್ಸಿನ ಕಿಟಕಿಗೆ ತಲೆಯಾನಿಸಿ ಮನೆ ಸೇರಿದಳು. ಅಷ್ಟು ಬೇಡವಾಗುವಂಥದ್ದು ನಾನೇನು ಮಾಡಿದೆ? ನನ್ನ ದನಿ ಕೇಳಿಯೇ ಅವರಿಗೆ ಸಾಕಾಯಿತೇ? ಅತ್ತಳು ಕೂಡ. ಅಮ್ಮ ಕೇಳಿದ್ದಕ್ಕೆ ಕಣ್ಣಿಗೆ ಕಸ ಬಿದ್ದಿದೆ ಅಂದಳು. ಅಮ್ಮ ನಂಬಲಿಲ್ಲ, ಆದರೆ ಅವತ್ತು ಪಾತ್ರೆ ತಾನೇ ತೊಳೆದಳು.

ಆಮೇಲಿನ ದಿನಗಳಲ್ಲಿ ಕಿವಿರಾಯನಿಗೆ ಎಲ್ಲಿಲ್ಲದ ಬಾಯಾರಿಕೆ. ಅವಳ ಸೀಟಿನ ಪಕ್ಕದಲ್ಲಿದ್ದ ನೀರಿನ ಕ್ಯಾನಿನ ಹತ್ತಿರ ಬಂದು ಬಂದು ನಿಲ್ಲುತ್ತಿದ್ದ. ಅವಳು ತಿರುಗಿಯೂ ನೋಡಲಿಲ್ಲ. ನೋಡಿದರೂ ಸುಟ್ಟುಬಿಡುವ ಹಾಗೆ ನೋಡಿದಳು.

'ನನ್ನ ಮಾತು ಬೇಡ, ನಾನಿರೋ ಕಡೆಯ ನೀರು ಮಾತ್ರ ಬೇಕಾ?'

ಹೀಗಿರುವಾಗ ಆಫೀಸಿಗೆ ಹೊಸಬರ ಗುಂಪೊಂದು ಸೇರಿತು. ಅವರಿಗೆ ಪಾಠ ಹೇಳುವಾಗ ಫೋನು ತೋರಿಸಲು ದೊಡ್ಡ ಮೇಡಂ ಅವಳನ್ನೇ ಪಕ್ಕದಲ್ಲಿ ನಿಲ್ಲಿಸಿಕೊಂಡರು.

"ಇದು ಮ್ಯೂಟ್. ಒಂದು ವಿಷಯ ಚೆನ್ನಾಗಿ ನೆನಪಿಟ್ಕೊಳ್ಳಿ ಮಕ್ಕಳೇ. ಇದನ್ನ ಒತ್ತಿದ್ರೆ ಗ್ರಾಹಕರಿಗೆ ಮಾತ್ರ ಕೇಳಿಸಲ್ಲ. ರೆಕಾರ್ಡಿಂಗಲ್ಲಿ ಎಲ್ಲಾನೂ ಬರುತ್ತೆ. ಸೇರಿದ ದಿನ ಎಲ್ಲರಿಗೂ ಹೇಳ್ತೀನಿ, ಮಾರನೇ ದಿನ ಎಲ್ಲರೂ ಮರೀತಾರೆ. ಅಲ್ವೇನಮ್ಮಾ?"

ನಮ್ಮ ಹುಡುಗಿಯ ಕೈಯಲ್ಲಿದ್ದ ಹೆಡ್‌ಸೆಟ್ಟು ಜಾರಿ ಕೆಳಗೆ ಬಿತ್ತು.

ಎಲ್ಲಾನೂ... ಅಂದರೆ ಅವಳ ಬೈಗುಳ, ಅವಳ ಅಪಸ್ವರದ ಗುನುಗು, ಅಮ್ಮ ತೋರಿಸಿದ ಗಂಡಿನ ಫೋಟೋ ನೋಡಿ ಅವಳು ಆಡಿಕೊಂಡು ನಕ್ಕದ್ದು... ಮತ್ತೆ... ಅದೂ!

'ಅಯ್ಯೋ ದೇವರೇ! ಕೇಳಿಸ್ಕೊಂಡ್ರು! ಕೇಳಿಸ್ಕೊಂಡೇ ಓಡಿಹೋದ್ರು!'

ನೆಲ ಬಿರಿದು ಒಳಗೆ ಸೇರಿಸಿಕೊಳ್ಳಬಾರದೇ ಅನ್ನಿಸಿತು. ಮಧ್ಯಾಹ್ನ ಊಟದ ಡಬ್ಬಿಯ ಮುಚ್ಚಳವನ್ನೂ ತೆಗೆಯಲಿಲ್ಲ. ರಾಜೀನಾಮೆ ಕೊಡಲೇ? ಬೇರೆ ಪಾಳಿ ಕೇಳಲೇ?

"ಎಲ್ಲಿಗೆ ಓಡ್ತೀಯಾ?" ಪಟಪಟಿ ಮೊದಲ ಬಾರಿ ನಿಧಾನವಾಗಿ ಮಾತಾಡಿದಳು. "ನಿಂಗೆ ಇಷ್ಟ ಇರೋ ಕೆಲಸ ಇದು. ಇಷ್ಟ ಇಲ್ಲ ಅಂತ ಅವರ ಬಾಯಿಂದಾನೇ ಕೇಳು. ಅಳೋದಾದ್ರೆ ಆಮೇಲೆ ಒಟ್ಟಿಗೆ ಅಳೋಣ."

ಅವಳು ಎದ್ದಳು. ಗಾಜಿನ ಬಾಗಿಲು ತಳ್ಳಿದಳು.

"ಕೇಳಿದ್ರಾ?"

ಅವನು ಹೆಡ್‌ಫೋನ್ ತೆಗೆದು ಎದ್ದು ನಿಂತ. ಏನು ಎಂದು ಕೇಳಲಿಲ್ಲ.

"ಕೇಳಿದೆ."

"ಎಲ್ಲಾನೂ?"

"ಮ್ಯೂಟಲ್ಲಿ ಆಡಿದ ಮಾತನ್ನ ನಾನು ಯಾರದ್ದೂ ಕೇಳಲ್ಲ. ಮುಂದಕ್ಕೆ ಓಡಿಸಿಬಿಡ್ತೀನಿ. ಅವತ್ತು... ಕಿವಿರಾಯ ಅಂತ ಕಿವಿಗೆ ಬಿತ್ತು. ಓಡಿಸೋಕೆ ಕೈ ಬರಲಿಲ್ಲ."

"ಆ ಹೆಸರು ನಿಮಗೆ ಗೊತ್ತಾ?!"

"ಸೇರಿದ ವಾರದಿಂದ."

ನಗಬೇಕೋ ಅಳಬೇಕೋ ತಿಳಿಯದೆ ಅವಳು ದುಪಟ್ಟಾದ ತುದಿಯನ್ನು ಸುತ್ತತೊಡಗಿದಳು.

"ಇಷ್ಟ ಇಲ್ಲ ಅಂದ್ರೆ ಇಲ್ಲ ಅನ್ಬಹುದಿತ್ತು ಸಾರ್. ನಂದು ಮಾತ್ರ ಬೇಡ ಅಂತ ದೊಡ್ಡ ಮೇಡಂಗೆ ಹೇಳೋದಾ? ಎಷ್ಟು ನೋವಾಯ್ತು ಗೊತ್ತಾ?"

"ಇಷ್ಟ ಇಲ್ಲ ಅಂತ ಯಾರು ಹೇಳಿದ್ರು?" ಅವನ ದನಿ ಮೊದಲ ಸಲ ನಡುಗಿತು. "ನೀವು ನನಗೆ ಹೇಳದ ಮಾತನ್ನ ನಾನು ಕದ್ದು ಕೇಳಿದ ಹಾಗಾಯ್ತು. ಒಂದು ಸಲ ಅಲ್ಲ, ಮತ್ತೆ ಮತ್ತೆ ಹಾಕ್ಕೊಂಡು ಕೇಳಿದೆ. ಆಮೇಲೆ ನಿಮ್ಮ ಯಾವ ಕಾಲ್ ಕೇಳಿದ್ರೂ ಪೂರ್ತಿ ಮಾರ್ಕ್ಸ್ ಕೊಡೋಣ ಅನ್ಸೋದು. ಅದು ಸರಿಯಲ್ಲ. ಮಾರ್ಕ್ಸಿಗೋಸ್ಕರ ಅಂತ ನಾಳೆ ಯಾರೂ ನಿಮ್ಮನ್ನ ಅನ್ನಬಾರದು. ಅದಕ್ಕೇ ಬಿಟ್ಟುಕೊಟ್ಟೆ."

"ನಂಗಾದ್ರೂ ಹೇಳಬಹುದಿತ್ತಲ್ಲ..."

"ಹೇಳಿದ್ರೆ, ಮ್ಯೂಟಲ್ಲಿ ಆಡಿದ್ದೂ ಕೇಳಿಸುತ್ತೆ ಅಂತ ನಿಮಗೆ ಗೊತ್ತಾಗ್ತಿತ್ತು. ಆಮೇಲೆ ನೀವು ಬಾಯೇ ಬಿಡ್ತಿರಲಿಲ್ಲ. ದಿನವಿಡೀ ಬೈಸ್ಕೊಳ್ಳೋರಿಗೆ ಉಸಿರಾಡೋಕೆ ಇರೋದು ಅದೊಂದೇ ಜಾಗ. ಅದನ್ನೂ ಕಿತ್ಕೊಳ್ಳೋಕೆ ಮನಸ್ಸು ಬರಲಿಲ್ಲ."

ಅವಳ ಕಣ್ಣು ತುಂಬಿ ಬಂತು. ಮನಸ್ಸಿಲ್ಲ ಎಂದು ತಾನು ಬೈದದ್ದು ಇವನಿಗೇ ಅಲ್ಲವೇ! ತನ್ನ ಸಣ್ಣದೊಂದು ನೆಮ್ಮದಿಯನ್ನು ಈ ಮನುಷ್ಯ ತನಗೇ ಗೊತ್ತಾಗದ ಹಾಗೆ ಕಾಯುತ್ತಿದ್ದ.

"ಹೀಗೇ ಸುಮ್ಮನಿದ್ದುಬಿಡೋ ಯೋಚನೆನಾ ಮತ್ತೆ?"

"ದಿನಾ ಹೇಳೋಣ ಅಂತ ನಿಮ್ಮ ಸೀಟಿನ ಹತ್ರ ಬರ್ತಿದ್ದೆ. ನೀವು ನೋಡೋ ನೋಟಕ್ಕೆ ಹೆದರಿ, ನೀರು ಕುಡಿದು ವಾಪಸ್ ಬರ್ತಿದ್ದೆ. ಹೊಟ್ಟೆಯೆಲ್ಲ ಬರೀ ನೀರು!"

ಅವಳು ನಕ್ಕುಬಿಟ್ಟಳು. ನಗುತ್ತಲೇ ಕಣ್ಣೊರೆಸಿಕೊಂಡು, ಅವನ ಎದುರಿಗೆ ನೇರವಾಗಿ ನಿಂತಳು.

"ನೀವು ಕದ್ದು ಕೇಳಿದ್ದನ್ನ ಮರೆತುಬಿಡಿ. ಈಗ ನಾನೇ ಹೇಳ್ತೀನಿ, ನಿಮಗೇ ಹೇಳ್ತೀನಿ. ನಂಗೆ ನೀವು ಇಷ್ಟ."

ಆಫೀಸಿನವರ ಮಾತಿನಲ್ಲಿ ಉಸಿರು ತಪ್ಪಿದ್ದನ್ನೂ ಹಿಡಿಯುತ್ತಿದ್ದವನು ಈಗ ತಾನೇ ಮಾತು ಸಿಗದೆ ಒದ್ದಾಡಿದ. ಕತ್ತಿನವರೆಗೂ ಕೆಂಪೇರಿದ.

"ನಂಗೂ... ತುಂಬಾ ಇಷ್ಟ. ಆ ಅಜ್ಜಿಗೆ ನೀವು ವಾಪಸ್ ಫೋನ್ ಮಾಡಿದ್ರಲ್ಲ, ಆ ಕಾಲ್ ಕೇಳಿದಾಗಿನಿಂದ."

ಹೊರಗೆ ಪಟಪಟಿ ಗಾಜಿಗೆ ಮೂಗು ಒತ್ತಿಕೊಂಡು ನಿಂತಿದ್ದಳು. ಅವಳ ಹಿಂದೆ ದೊಡ್ಡ ಮೇಡಂ ಬಂದು, ಕಾರಣ ಈಗ ಅರ್ಥವಾಯಿತು ಅನ್ನುವ ಹಾಗೆ ತಲೆಯಾಡಿಸಿ, ಪಟಪಟಿಯ ತೋಳು ಹಿಡಿದು ಎಳೆದುಕೊಂಡು ಹೋದರು.

"ಸಂಜೆ ಮನೆಗೆ ಬಸ್ಸಲ್ಲೇ ಹೋಗ್ತೀರಲ್ವಾ?" ಅವನು ಕೇಳಿದ.

"ಹೂಂ. ನಿಮ್ಮ ಮನೆಯೂ ಆ ಕಡೆನಾ?"

"ಇಲ್ಲ, ಎದುರು ದಿಕ್ಕಿಗೆ. ಆದ್ರೂ ನಿಮ್ಮ ಬಸ್ಸಿಗೇ ಹತ್ತೀನಿ. ನೀವು ಇಳಿದ ಮೇಲೆ ಅದೇ ಬಸ್ಸಲ್ಲಿ ವಾಪಸ್ ಬರ್ತೀನಿ."

"ಅಷ್ಟು ದೂರ ಒಬ್ಬರೇ ಬರ್ತೀರಾ? ಹಾಗಾದ್ರೆ ನಿಮ್ಮನ್ನ ಬಿಡೋಕೆ ನಾನೂ ವಾಪಸ್ ಬರ್ತೀನಿ."

"ಆಮೇಲೆ ನಿಮ್ಮನ್ನ ಬಿಡೋಕೆ ನಾನು ಮತ್ತೆ ಬರಬೇಕಲ್ಲ?"

"ಬನ್ನಿ. ಅಷ್ಟು ಹೊತ್ತಾದ್ರೆ ಅಮ್ಮ ಬಸ್‌ಸ್ಟಾಪಿಗೇ ಬಂದು ನಿಂತಿರ್ತಾಳೆ."

"ಬೈತಾರಾ?"

"ಮೊದಲು ಬೈತಾಳೆ," ಅವಳು ನಕ್ಕಳು. "ಆಮೇಲೆ ಊಟಕ್ಕೆ ಕರೀತಾಳೆ. ಇಲ್ಲ ಅನ್ನಬೇಡಿ, ಆಯ್ತಾ?"

"ಇಲ್ಲ ಅನ್ನೋಕೆ ನಾನೇನು ಹುಚ್ಚನಾ?"