ಆಯುಧಪೂಜೆಯ ಅಪ್‌ಡೇಟ್

ವರ್ಷಕ್ಕೊಂದು ದಿನ ದೇವರು ಗುಡಿ ಬಿಟ್ಟು ಯಂತ್ರಗಳ ಪಕ್ಕ ಬಂದು ಕೂರುತ್ತಾನೆ ಎಂಬುದು ಶೇಷಪ್ಪನ ನಂಬಿಕೆ. ಹಾಗಾಗಿ ಭದ್ರಾವತಿಯ ಓಲ್ಡ್ ಟೌನಿನಲ್ಲಿರುವ ಅವನ ಜೆರಾಕ್ಸ್ ಅಂಗಡಿಯಲ್ಲಿ ಆಯುಧಪೂಜೆಯೆಂದರೆ ಮನೆಮದುವೆಯಷ್ಟು ಸಡಗರ. ಜೆರಾಕ್ಸ್ ಮಿಷನ್ನಿಗೆ ಸೇವಂತಿಗೆ ಹಾರ, ಪ್ರಿಂಟರಿಗೆ ವಿಭೂತಿಯ ಮೂರು ಗೆರೆ, ಪೇಪರ್ ಕತ್ತರಿಸುವ ಬ್ಲೇಡಿಗೂ ಒಂದು ನಿಂಬೆಹಣ್ಣು.

"ವಿದ್ಯಾ, ಎಲ್ಲಾ ಆಫ್ ಮಾಡ್ಬಿಡಮ್ಮ," ಎಂದು ಅವನು ಕರ್ಪೂರ ಹುಡುಕುತ್ತಲೇ ಅಣ್ಣನ ಮಗಳಿಗೆ ಕೂಗಿ ಹೇಳಿದ. "ಓಡ್ತಿರೋ ಮಿಷನ್ನಿಗೆ ಮಂಗಳಾರತಿ ಎತ್ತಬಾರ್ದು. ವರ್ಷವಿಡೀ ದುಡಿದಿದಾವೆ, ಇವತ್ತಾದ್ರೂ ಉಸಿರು ಬಿಡ್ಲಿ."

ವಿದ್ಯಾಶ್ರೀ ಒಂದೊಂದೇ ಸ್ವಿಚ್ ಆರಿಸುತ್ತ ಬಂದು ಮೂಲೆಯ ಮೇಜಿನ ಮುಂದೆ ನಿಂತಳು.

ಅಲ್ಲಿದ್ದದ್ದು ರೇಣುಕಾಪ್ರಸಾದನ ಲ್ಯಾಪ್‌ಟಾಪ್. ಶಿವಮೊಗ್ಗದವನು, ಶಂಕರಘಟ್ಟದಲ್ಲಿ ಪಿಎಚ್.ಡಿ. ಮಾಡುತ್ತಿದ್ದವನು, ಪ್ರಬಂಧದ ಹಾಳೆಗಳನ್ನು ಪ್ರಿಂಟ್ ಮಾಡಿಸಲು ಆಗಾಗ ಬರುತ್ತಿದ್ದವನು. ಬೆಳಿಗ್ಗೆ ಬಂದು, "ಮನೇಲಿ ನೆಟ್ ತುಂಬಾ ಸ್ಲೋ. ಇಲ್ಲಿ ಒಂದು ಅಪ್‌ಡೇಟ್‌ಗೆ ಹಾಕ್ಲಾ? ನೆಂಟ್ರ ಮನೆ ಪೂಜೆ ಮುಗಿಸ್ಕೊಂಡು ಬರ್ತೀನಿ," ಎಂದಿದ್ದ. ಹೋಗುವಾಗ ಬಾಗಿಲಲ್ಲಿ ತಿರುಗಿ, "ಒಂದೇ ಒಂದು ವಿಷ್ಯ. ಬ್ಯಾಟರಿ ಸತ್ತಿದೆ. ಪ್ಲಗ್ ತೆಗೆದ್ರೆ ಅದರ ಪ್ರಾಣಾನೂ ಹೋಗುತ್ತೆ," ಎಂದು ನಕ್ಕಿದ್ದ.

"ಆಯ್ತು ಸರ್."

"ಸರ್ ಅನ್ಬೇಡಿ ಮಾರಾಯ್ತಿ. ನಾನಿನ್ನೂ ವಿದ್ಯಾರ್ಥಿ."

ಆ ನಗು ಅವಳೊಳಗೆ ಎಲ್ಲೋ ಸಿಕ್ಕಿಕೊಂಡು ಉಳಿದಿತ್ತು.

ಈಗ ನೀಲಿ ಪರದೆಯ ಮೇಲೆ ಬಿಳಿ ಚುಕ್ಕೆಗಳು ಸುತ್ತುತ್ತಿದ್ದವು. ಆಫ್ ಮಾಡಬೇಡಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅವಳು ಓದಿದಳು. ಓದಲಿಲ್ಲವೆಂದು ಆಮೇಲೆ ತನಗೆ ತಾನೇ ಎಷ್ಟು ಹೇಳಿಕೊಂಡರೂ, ಓದಿದ್ದಂತೂ ನಿಜ.

ಬೇರೆಯವರ ಯಂತ್ರ, ಗಿರಾಕಿಗಳು ಬಿಟ್ಟುಹೋಗಿದ್ದ ಉಳಿದ ಎರಡು ಮೂರು ಮಿಷನ್ನುಗಳ ಹಾಗೇ ಬಿಟ್ಟಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಅಂಗಡಿಯ ಯಂತ್ರಗಳಿಗೆಲ್ಲ ಹೂವಿಟ್ಟು ಅದನ್ನು ಬರಿಗಲ್ಲಿನಂತೆ ಬಿಡಲು ಅವಳಿಗೆ ಮನಸ್ಸಾಗಲಿಲ್ಲ. ಅವನ ಬೆರಳು ದಿನವೂ ಓಡಾಡುವ ಆ ಪೆಟ್ಟಿಗೆಗೆ ತನ್ನ ಕೈಯಾರೆ ಒಂದು ಬೊಟ್ಟು ಇಡಬೇಕೆನಿಸಿತು. ಅದು ಭಕ್ತಿಯಲ್ಲ ಎಂಬುದು ಅವಳಿಗೇ ಗೊತ್ತಿತ್ತು. ಭಕ್ತಿಯ ಸೆರಗಿನ ಮರೆಯಲ್ಲಿ ಬಂದ ಬೇರೇನೋ.

ಮುಕ್ಕಾಲು ಪಾಲು ಮುಗಿದಿದೆ, ಉಳಿದದ್ದು ಆಮೇಲೆ ಮುಂದುವರಿಯುತ್ತದೆ ಎಂದುಕೊಂಡು ಪ್ಲಗ್ ಕಿತ್ತಳು. ಪರದೆ ಕಪ್ಪಾಯಿತು. ಮುಚ್ಚಳ ಮುಚ್ಚಿ, ಮೂರು ಗೆರೆ ವಿಭೂತಿ ಎಳೆದು, ಕುಂಕುಮವಿಟ್ಟು, ಒಂದು ಸೇವಂತಿಗೆ ಏರಿಸಿದಳು. ಪಕ್ಕದಲ್ಲಿ ಬಿದ್ದಿದ್ದ ಪ್ಲಗ್ಗಿಗೂ ಉಂಗುರ ಬೆರಳಿನಿಂದ ಒಂದು ಬೊಟ್ಟು. ಮಂಗಳಾರತಿಯ ಬೆಳಕು ಅದರ ಮೇಲೆ ಹಾದಾಗ ಅವಳ ಕಣ್ಣು ತಾನಾಗಿ ಮುಚ್ಚಿಕೊಂಡಿತು.

ಶೇಷಪ್ಪ ಮಂಡಕ್ಕಿ ಹಂಚಲು ಬೀದಿಗೆ ಹೋದ ಮೇಲೆ ಅವಳು ಪ್ಲಗ್ ಹಾಕಿ ಬಟನ್ ಒತ್ತಿದಳು. ಪರದೆ ಹೊತ್ತಿತು, ರಿಪೇರಿಗೆ ಸಿದ್ಧವಾಗುತ್ತಿದೆ ಎಂದು ತೋರಿಸಿತು, ಆರಿತು. ಮತ್ತೆ ಹೊತ್ತಿತು, ಮತ್ತೆ ಆರಿತು. ಮೈಮೇಲೆ ಎಚ್ಚರವಿಲ್ಲದವರ ರೆಪ್ಪೆ ಅದುರಿದ ಹಾಗೆ.

ಅಷ್ಟರಲ್ಲಿ ರೇಣುಕಾಪ್ರಸಾದ್ ಬಂದ.

"ಏನಾಯ್ತು?"

ನಾಲಿಗೆ ಅವಳನ್ನು ಕೇಳದೆಯೇ ಹೇಳಿಬಿಟ್ಟಿತು: "ಕರೆಂಟ್ ಹೋಯ್ತು ಸರ್."

ಅವನ ಮುಖದ ಬಣ್ಣ ಇಳಿಯಿತು. ಆದರೂ ಬೈಯಲಿಲ್ಲ. "ನಿಮ್ದೇನು ತಪ್ಪಿದೆ? ಬ್ಯಾಟರಿ ಇಲ್ಲದ್ದನ್ನ ಬಿಟ್ಟುಹೋದ ನನಗೆ ಬುದ್ಧಿ ಇಲ್ಲ," ಎಂದ. ಚಾರ್ಜರ್ ಸುತ್ತುತ್ತ ಸ್ವಲ್ಪ ಹೊತ್ತು ಅದನ್ನೇ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ: "ಅದ್ರಲ್ಲಿ ಅಪ್ಪನ ದನಿ ಇದೆ."

ಅವನ ತಂದೆ ಉಜ್ಜನಪ್ಪ ಭಜನೆಮೇಳದಲ್ಲಿ ತತ್ವಪದ ಹಾಡುತ್ತಿದ್ದವರು. ಗಂಟಲಿನ ಆಪರೇಷನ್ನಿಗೆ ಮುಂಚೆ, ಗೊತ್ತಿದ್ದ ಪದಗಳನ್ನೆಲ್ಲ ಮಗ ಕೂರಿಸಿಕೊಂಡು ರೆಕಾರ್ಡ್ ಮಾಡಿದ್ದ. ಈಗ ಅವರಿಗೆ ಉಳಿದಿರುವುದು ಬರೀ ಉಸಿರಿನ ಪಿಸುಮಾತು. ಸಂಜೆ ದೀಪ ಹಚ್ಚಿದ ಮೇಲೆ ತಮ್ಮ ಹಾಡನ್ನು ತಾವೇ ಕೇಳುತ್ತ ತೊಡೆಯ ಮೇಲೆ ತಾಳ ಹಾಕುತ್ತಾರಂತೆ.

"ಬೇರೆ ಕಾಪಿ...?"

"ಇಟ್ಕೋಬೇಕು ಇಟ್ಕೋಬೇಕು ಅಂತಾನೇ ಇದ್ದೆ."

ಅಂದಿನಿಂದ ಅವಳು ಬೆಳಿಗ್ಗೆ ಪೂಜೆಗೆ ಕೂತು ಅಂಗೈಯಲ್ಲಿ ಲಿಂಗ ಇಟ್ಟುಕೊಂಡರೆ ನೇರವಾಗಿ ನೋಡಲು ಧೈರ್ಯ ಬರಲಿಲ್ಲ. ಶಿವನಿಗೆ ಏನಂತ ಹೇಳುವುದು? ನಿನ್ನ ಹೆಸರಿನಲ್ಲಿ ಪ್ಲಗ್ ಕಿತ್ತೆ, ನಿನ್ನ ವಿಭೂತಿ ಬಳಿದು ಮುಚ್ಚಿದೆ, ಆಮೇಲೆ ಸುಳ್ಳು ಹೇಳಿದೆ ಎಂದೇ? ಅವನಿಗೆ ಗೊತ್ತಿಲ್ಲದ್ದೇನೂ ಅದರಲ್ಲಿಲ್ಲ. ಗೊತ್ತಿದ್ದವನ ಮುಂದೆ ಕೂರುವುದೇ ಹೆಚ್ಚು ಕಷ್ಟ.

ವಾರ ತುಂಬುವುದರೊಳಗೆ ಅವನು ಮತ್ತೆ ಅಂಗಡಿಗೆ ಬಂದ. "ಶಿವಮೊಗ್ಗದಲ್ಲಿ ನನ್ನ ಗೆಳೆಯ ಫೈಜಾನ್ ರಿಪೇರಿ ಮಾಡ್ತಾನೆ. ಫಾರ್ಮ್ಯಾಟ್ ಹೊಡೆದ್ರೆ ಮಿಷನ್ ಎದ್ದು ಕೂರುತ್ತೆ, ಒಳಗಿರೋದು ಹೋಗುತ್ತೆ, ನೀನೇ ಯೋಚ್ನೆ ಮಾಡು ದೋಸ್ತ್ ಅಂದ. ಇನ್ನೊಬ್ರಿಗೆ ಫೋನ್ ಮಾಡಿದ್ರೆ ಅವರೂ ಅದನ್ನೇ ಹೇಳ್ತಾರೆ. ನಾಳೆ ಮಾಡಿಸ್ಬಿಡ್ತೀನಿ. ಪ್ರಬಂಧ ಬರೀಬೇಕಲ್ಲ."

"ಬೇಡ!" ಅವಳ ದನಿ ಅವಳಿಗೇ ಜೋರೆನಿಸಿತು. "ಹೋದ ವರ್ಷ ನಮ್ಮ ಸಿಸ್ಟಮ್ಮಿಗೂ ಹೀಗೇ ಆಗಿತ್ತು, ನಾನೇ ಸರಿ ಮಾಡಿದ್ದೆ. ನಾನು ಬರ್ತೀನಿ. ಒಂದು ಸಲ ನೋಡ್ತೀನಿ. ಅಲ್ಲಿವರೆಗೂ ಅದನ್ನ ಮುಟ್ಬೇಡಿ, ದಮ್ಮಯ್ಯ."

ಶೇಷಪ್ಪನಿಗೆ ಹೇಗೂ ಶಿವಮೊಗ್ಗದಿಂದ ಪೇಪರ್ ಬಂಡಲ್ ತರಬೇಕಿತ್ತು. ಭಾನುವಾರ ಮಧ್ಯಾಹ್ನ ಅವಳನ್ನು ಅವರ ಮನೆ ಬಾಗಿಲಲ್ಲಿ ಇಳಿಸಿ, "ಆ ಹುಡುಗನ್ನ ನೋಡಿದ್ರೆ ಪಾಪ ಅನ್ನಿಸುತ್ತೆ. ಹೇಗಾದ್ರೂ ಸರಿ ಮಾಡ್ಕೊಡು," ಎಂದು ಹೋದ.

ಉಜ್ಜನಪ್ಪ ಜಗುಲಿಯಲ್ಲಿ ಕೂತಿದ್ದರು. ಹಣೆತುಂಬ ವಿಭೂತಿ, ಕುತ್ತಿಗೆಗೆ ಸುತ್ತಿದ ಬಿಳಿ ಟವೆಲ್. ಅವಳು ಕಾಲಿಗೆ ನಮಸ್ಕರಿಸಿದಾಗ ಬಾಗಿ ಪಿಸುಗುಟ್ಟಿದರು: "ಕಂಪ್ಯೂಟರ್ ಡಾಕ್ಟ್ರು ಇಷ್ಟು ಸಣ್ಣೋರು ಅಂತ ಗೊತ್ತಿರ್ಲಿಲ್ಲ."

ನಗಬೇಕಾದ ಮಾತಿಗೆ ಅವಳ ಕಣ್ಣು ತುಂಬಿತು.

ನಡುಮನೆಯಲ್ಲಿ ಲ್ಯಾಪ್‌ಟಾಪ್ ಹೊತ್ತುತ್ತ ಆರುತ್ತ ಕೊನೆಗೊಂದು ನೀಲಿ ಪಟ್ಟಿಯಲ್ಲಿ ನಿಂತಿತು. ಎಲ್ಲವನ್ನೂ ಹೊಸದಾಗಿ ಶುರುಮಾಡು ಎಂಬ ಆಯ್ಕೆ ಮೇಲೆಯೇ ಇತ್ತು. "ಇದನ್ನೇ ಒತ್ತಿದ್ರೆ..." ಎಂದು ರೇಣುಕಾಪ್ರಸಾದನ ಬೆರಳು ಹೋಯಿತು. ಅವಳು ತಟ್ಟನೆ ಅವನ ಕೈ ಹಿಡಿದಳು.

ಇಬ್ಬರೂ ಕೈಗಳನ್ನು ನೋಡಿದರು. ಅವಳೇ ಮೊದಲು ಬಿಟ್ಟಳು.

"ಅದನ್ನ ಒತ್ಬಾರ್ದು," ಎಂದಳು, ಕಿವಿ ಬಿಸಿಯಾಗಿ. "ಮನೆ ಬೀಳೋ ಹಾಗಿದ್ರೆ ಯಾರಾದ್ರೂ ಮೊದಲು ಗೋಡೆಗೆ ಗಾರೆ ಮಾಡ್ತಾರಾ? ದೇವರನ್ನ ಹೊರಗೆ ತಂದು ಕೂರಿಸ್ತಾರೆ. ಮೊದಲು ಫೈಲು, ಆಮೇಲೆ ರಿಪೇರಿ."

"ಮುಂಬಾಗ್ಲೇ ತೆಗೀತಿಲ್ವಲ್ಲ?"

"ಹಿತ್ತಲ ಬಾಗ್ಲಿದೆ."

ಅಂಗಡಿಯಲ್ಲೇ ತಯಾರು ಮಾಡಿಕೊಂಡು ಬಂದಿದ್ದ ಪೆನ್‌ಡ್ರೈವ್ ಅವಳ ಪರ್ಸಿನಲ್ಲಿತ್ತು. ಅದರೊಳಗೆ ಬೇರೆಯದೇ ಒಂದು ಪುಟ್ಟ ಸಿಸ್ಟಂ. ಕೆಟ್ಟುಹೋದದ್ದನ್ನು ಎಬ್ಬಿಸದೆ, ಕೆಣಕದೆ, ಲ್ಯಾಪ್‌ಟಾಪನ್ನು ಪೆನ್‌ಡ್ರೈವಿನಿಂದಲೇ ಚಾಲೂ ಮಾಡಿದಳು. ಪರಿಚಯವಿಲ್ಲದ ಹಸಿರು ಪರದೆಯೊಂದು ತೆರೆದುಕೊಂಡಿತು. ಡಿಸ್ಕು ಕಂಡಿತು. ಅದರೊಳಗೆ ಫೋಲ್ಡರ್. ಅದರ ಹೆಸರು ಬರೀ "ಅಪ್ಪ".

ರೇಣುಕಾಪ್ರಸಾದ್ ಕುರ್ಚಿಯ ಹಿಂದಿನಿಂದ ಬಾಗಿ ನೋಡಿದ. ಅವನ ಉಸಿರು ಅವಳ ಕೂದಲಿಗೆ ತಾಗಿತು. ಅವಳು ತಿರುಗಲಿಲ್ಲ.

"ಹೆಸರು ಕಾಣ್ತಿದೆ ಅಷ್ಟೆ," ಎಂದಳು. "ಒಳಗೆ ಹಾಡು ಉಳಿದಿದ್ಯೋ ಇಲ್ವೋ ಕಾಪಿ ಆದ್ಮೇಲೇ ಗೊತ್ತಾಗೋದು."

ಹೊರಗಿನ ಡಿಸ್ಕ್ ಸಿಕ್ಕಿಸಿ ಕಾಪಿಗೆ ಹಾಕಿದಳು. ಗೆರೆ ಇರುವೆಯ ಹಾಗೆ ತೆವಳತೊಡಗಿತು. ಈ ಸಲ ಯಾರೂ ಪ್ಲಗ್ ಮುಟ್ಟದಂತೆ ಅವಳು ಗೋಡೆಯ ಕಡೆಗೇ ಕುರ್ಚಿ ಸರಿಸಿ ಕೂತಳು.

ಉಜ್ಜನಪ್ಪ ಬಂದು ಎದುರಿಗೆ ಕೂತರು. ಮಗ ಸಂಕಟಕ್ಕೆ ಏನಾದರೂ ಹೇಳಬೇಕೆಂದು ಹೇಳಿದ: "ಹಬ್ಬದ ದಿನಾನೇ ಕರೆಂಟ್ ತೆಗೀಬೇಕಿತ್ತಾ..."

ಮುದುಕರು ಕೈಯಾಡಿಸಿ ತಡೆದರು. ಒಂದೊಂದೇ ಮಾತನ್ನು ಉಸಿರಿನಿಂದ ಎತ್ತಿ ಇಟ್ಟರು. "ಬೈಬೇಡಪ್ಪ. ಆ ಲೈನ್‌ಮನ್ನೂ ಹಬ್ಬ ಬಿಟ್ಟು ಕಂಬ ಹತ್ತಿರ್ತಾನೆ. ಅವನಿಗೇನು ಗೊತ್ತು ನನ್ನ ಹಾಡು ಎಲ್ಲಿದೆ ಅಂತ. ನಾನು ದಿನಾ ಪೂಜೇಲಿ ಅವನ್ನ ನೆನೀತೀನಿ. ಚೆನ್ನಾಗಿರ್ಲಿ ಅಂತ."

ಇಲ್ಲದ ಲೈನ್‌ಮನ್! ಅವನಿಗಾಗಿ ದಿನವೂ ಒಂದು ಪ್ರಾರ್ಥನೆ!

ವಿದ್ಯಾಶ್ರೀ ಎದ್ದು ನಿಂತಳು. ಕಾಪಿ ಇನ್ನೂ ಅರ್ಧಕ್ಕೆ ಬಂದಿರಲಿಲ್ಲ. ಹಾಡು ಉಳಿದ ಮೇಲೆ ಹೇಳಿದರೆ ಕ್ಷಮೆ ಸುಲಭ, ಹೋಯಿತೆಂದು ತಿಳಿದ ಮೇಲೆ ಹೇಳುವ ಬಾಯಿಯೇ ಇರುವುದಿಲ್ಲ. ಹೇಳಿದರೆ ಈಗಲೇ ಹೇಳಬೇಕು.

"ಕರೆಂಟ್ ಹೋಗಿರ್ಲಿಲ್ಲ ಅಪ್ಪಾಜಿ," ಎಂದಳು. "ನಾನೇ ಪ್ಲಗ್ ಕಿತ್ತೆ. ತೆಗೀಬೇಡಿ ಅಂತ ಇವರು ಹೇಳಿಹೋಗಿದ್ರು. ಪರದೆ ಮೇಲೂ ಬರೆದಿತ್ತು. ನೋಡಿಯೂ ಕಿತ್ತೆ. ಆಮೇಲೆ ಸುಳ್ಳು ಹೇಳಿದೆ."

ನೆಲ ತನ್ನನ್ನು ಒಳಗೆ ಎಳೆದುಕೊಳ್ಳಬಾರದೇ ಎಂದು ಅವಳು ತನ್ನ ಕಾಲ್ಬೆರಳುಗಳನ್ನೇ ನೋಡುತ್ತಿದ್ದಳು.

"ಯಾಕಮ್ಮ ಕಿತ್ತೆ?" ಪಿಸುದನಿಯಲ್ಲಿ ಸಿಟ್ಟು ಇದೆಯೋ ಇಲ್ಲವೋ ತಿಳಿಯುವಂತಿರಲಿಲ್ಲ.

"ಪೂಜೆ ಮಾಡೋಕೆ. ಓಡೋ ಮಿಷನ್ನಿಗೆ ಮಂಗಳಾರತಿ ಮಾಡ್ಬಾರ್ದು ಅಂತಾರಲ್ಲ."

"ಅಂಗಡೀಲಿ ಬೇರೆ ಗಿರಾಕಿಗಳ ಮಿಷನ್ ಇರ್ಲಿಲ್ವಾ?"

"ಎರಡು ಮೂರು ಇದ್ವು."

"ಅದಕ್ಕೂ ಮಾಡಿದ್ಯಾ ಪೂಜೆ?"

ವಿದ್ಯಾಶ್ರೀಯ ಕುತ್ತಿಗೆಯಿಂದ ಏರಿದ ಕೆಂಪು ಕೆನ್ನೆ ದಾಟಿ ಹಣೆಯವರೆಗೂ ಹೋಯಿತು. ತಲೆ ಇಲ್ಲ ಎಂಬಂತೆ ಅಲ್ಲಾಡಿತು, ಅಷ್ಟೆ.

ಉಜ್ಜನಪ್ಪ ಅವಳನ್ನು ನೋಡಿದರು. ಮಗನನ್ನು ನೋಡಿದರು. ಅವನು ಕಿಟಕಿಯ ಕಂಬಿ ಎಣಿಸುವವನಂತೆ ಆಚೆ ನೋಡುತ್ತಿದ್ದ. ಮುದುಕರು ಮೊಣಕಾಲಿನ ಮೇಲೆ ಕೈಯೂರಿ ಎದ್ದರು. "ದೀಪ ಹಚ್ಚೋ ಹೊತ್ತಾಯ್ತು," ಎಂದು ಪಿಸುಗುಟ್ಟಿ ದೇವರ ಕೋಣೆಗೆ ಹೋದರು. ಹೊರಗೆ ಬಿಸಿಲು ಇನ್ನೂ ಅಂಗಳದಲ್ಲೇ ಇತ್ತು.

ರೇಣುಕಾಪ್ರಸಾದ್ ಕಿಟಕಿಯಿಂದ ಇತ್ತ ತಿರುಗಿದ. "ನನಗೆ ಗೊತ್ತಿತ್ತು."

ಅವಳು ತಲೆಯೆತ್ತಿದಳು. ಅವನು ಗೋಡೆಯ ಕಡೆ ಕೈ ತೋರಿಸಿದ. "ಕಾಪಿ ಮುಗೀಲಿ, ಆಮೇಲೆ ಆ ಪ್ಲಗ್ ತೆಗೆದು ನೋಡಿ. ಪಿನ್ನುಗಳ ಮಧ್ಯೆ ಕುಂಕುಮ ಇದೆ. ಕರೆಂಟ್ ಹೋದ್ರೆ ಪ್ಲಗ್ ಗೋಡೇಲೇ ಇರುತ್ತಲ್ವಾ? ಅಲ್ಲಿ ಬೊಟ್ಟು ಹೇಗೆ ಬರುತ್ತೆ? ಅವತ್ತು ಅಂಗಡೀಲೇ ನೋಡಿದೆ."

"ಮತ್ಯಾಕೆ ಕೇಳ್ಲಿಲ್ಲ?"

"ಅಪ್ಪನ ಮುಖ ನೋಡಿದಾಗೆಲ್ಲ ಕೇಳ್ಬೇಕು ಅಂತ ಸಿಟ್ಟು ಬರ್ತಿತ್ತು. ಆದ್ರೆ ಪ್ಲಗ್ಗಿಗೂ ಬೊಟ್ಟಿಟ್ಟ ಬೆರಳು ನೆನಪಾದ್ರೆ ಸಿಟ್ಟು ನಿಲ್ತಾ ಇರ್ಲಿಲ್ಲ." ಅವನು ಕತ್ತು ಕೆರೆದುಕೊಂಡ. "ಮತ್ತೆ ನಿಮ್ಮನ್ನ ಕೇಳೋಕೆ ನನಗೆ ಯಾವ ಯೋಗ್ಯತೆ? ನಾನು ಹೇಳಿದ್ದೇನು ಸತ್ಯಾನಾ? ಓಲ್ಡ್ ಟೌನಿನಲ್ಲಿ ನನಗೆ ನೆಂಟ್ರೇ ಇಲ್ಲ. ಅವತ್ತು ದೇವಸ್ಥಾನದ ಕಟ್ಟೆ ಮೇಲೆ ಸುಮ್ನೆ ಕೂತಿದ್ದು ಬಂದೆ. ಶಂಕರಘಟ್ಟಕ್ಕೆ ಇಲ್ಲಿಂದ ನೇರ ಬಸ್ಸಿದೆ. ಕ್ಯಾಂಪಸ್ಸಿನಲ್ಲೂ ಜೆರಾಕ್ಸ್ ಅಂಗಡಿ ಇದೆ. ನಮ್ಮ ಮನೆ ನೆಟ್ಟೂ ಸ್ಲೋ ಅಲ್ಲ."

ಅವಳಿಗೆ ಅಳುವೋ ನಗುವೋ ತಿಳಿಯಲಿಲ್ಲ. "ಥೂ... ಅಷ್ಟು ಪುಟ ಪ್ರಿಂಟ್ ಹೊಡೆಸಿದ್ರಲ್ಲ!"

"ಒಂದೇ ಅಧ್ಯಾಯಾನ ಎಷ್ಟು ಸಲ ಅಂತ ನೀವೂ ಕೇಳ್ಲಿಲ್ಲ."

ಕೇಳಿರಲಿಲ್ಲ, ನಿಜ. ಗಮನಿಸಿದ್ದಳು, ಅದೂ ನಿಜ.

ಗೆರೆ ತುದಿ ಮುಟ್ಟಿತು. ಅವಳು ಕಾಪಿಯಾದ ಮೊದಲ ಫೈಲನ್ನು ತೆರೆದಳು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ದಮ್ಮಡಿಯ ಸದ್ದು, ಯಾರದೋ ಕೆಮ್ಮು, ಅದರ ಬೆನ್ನಿಗೇ ತುಂಬಿದ ಒಂದು ಗಂಡುದನಿ, ಗುರುವೇ ಎಂದು ರಾಗವೆತ್ತಿ ಮನೆಯ ಹಂಚಿನವರೆಗೂ ಏರಿತು.

ದೇವರ ಕೋಣೆಯಿಂದ ಉತ್ತರ ಬಂತು. ದನಿಯಲ್ಲ, ತೊಡೆಯ ಮೇಲೆ ಬೀಳುವ ಅಂಗೈ. ತಾಳ ಒಂದಿಷ್ಟೂ ತಪ್ಪಲಿಲ್ಲ.

ವಿದ್ಯಾಶ್ರೀ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಆ ಹಾಡು ಮುಗಿಯುವವರೆಗೂ ರೇಣುಕಾಪ್ರಸಾದ್ ಅವಳನ್ನು ಸಮಾಧಾನ ಮಾಡಲಿಲ್ಲ. ಪಕ್ಕದಲ್ಲಿ ಕೂತ, ಅಷ್ಟೆ.

ಉಳಿದ ಕೆಲಸಕ್ಕೆ ಅವಸರವಿರಲಿಲ್ಲ. ಪೆನ್‌ಡ್ರೈವ್ ತೆಗೆದು, ರಿಪೇರಿಯ ಪಟ್ಟಿಗೆ ಹೋಗಿ, ಅರ್ಧಕ್ಕೆ ನಿಂತಿದ್ದ ಅಪ್‌ಡೇಟನ್ನು ಕಿತ್ತುಹಾಕುವ ಆಯ್ಕೆ ಒತ್ತಿದಳು. ಲ್ಯಾಪ್‌ಟಾಪ್ ಬಹಳ ಹೊತ್ತು ಯೋಚಿಸಿ, ಎರಡು ಸಲ ಕಣ್ಣು ಮಿಟುಕಿಸಿ, ಹಳೆಯ ಪರದೆಯೊಂದಿಗೆ ಎದ್ದಿತು. ಎಲ್ಲ ಇದ್ದಲ್ಲೇ ಇತ್ತು. "ಇನ್ಮೇಲೆ ಹಾಡಿನ ಒಂದು ಕಾಪಿ ಬೇರೆ ಮನೇಲೂ ಇರ್ಬೇಕು," ಎಂದಳು.

ಶೇಷಪ್ಪನ ಹಾರ್ನ್ ಕೇಳಿಸಿದಾಗ ಅವಳು ಉಜ್ಜನಪ್ಪನವರ ಮುಂದೆ ಬಾಗಿದಳು. "ತಪ್ಪಾಯ್ತು ಅಪ್ಪಾಜಿ." ಅವರು ಅವಳ ಹಣೆಗೆ ವಿಭೂತಿ ಇಟ್ಟು ಪಿಸುಗುಟ್ಟಿದರು: "ನಾಳೆಯಿಂದ ಆ ಲೈನ್‌ಮನ್ ಜಾಗದಲ್ಲಿ ನಿನ್ನ ಹೆಸರು ಹೇಳ್ತೀನಿ, ಬಿಡು."

ಬಾಗಿಲಲ್ಲಿ ರೇಣುಕಾಪ್ರಸಾದ್ ಅವಳ ಪೆನ್‌ಡ್ರೈವನ್ನು ಹಿಂತಿರುಗಿಸಿದ. ಅದರ ಜೊತೆ ಇನ್ನೊಂದು ಇತ್ತು. "ಅಪ್ಪನ ಹಾಡು. ಒಂದು ಕಾಪಿ ಬೇರೆ ಮನೇಲಿ ಇರ್ಬೇಕಂತೆ, ನೀವೇ ಹೇಳಿದ್ರಲ್ಲ. ಸದ್ಯಕ್ಕೆ ಇರ್ಲಿ. ಆಮೇಲೆ ಎರಡೂ ಒಂದೇ ಮನೆಗೆ ಬಂದ್ರೆ ಮೂರನೇ ಕಾಪಿ ಎಲ್ಲಿಡೋದು ಅಂತ ಯೋಚ್ನೆ ಮಾಡೋಣ."

ಅವಳು ಅದನ್ನು ಮುಷ್ಟಿಯಲ್ಲಿ ಬಿಗಿದು ಮೆಟ್ಟಿಲಿಳಿದಳು. ಗೇಟಿನ ಬಳಿ ನಿಂತಳು. ನಾಚಿಕೆ ಇನ್ನೂ ಹೋಗಿರಲಿಲ್ಲ. ಆದರೆ ಈಗ ಅದರೊಂದಿಗೆ ಅವನ ಮುಖ ನೋಡಬಹುದಿತ್ತು.

"ರೀ," ಎಂದಳು. ಸರ್ ಎನ್ನಲು ಹೊರಟ ಬಾಯಿ ಅದನ್ನೇ ಅಂದಿತು. "ಆ ಪ್ಲಗ್ ಒರೆಸಿಬಿಡಿ."

"ಒರೆಸಲ್ಲ," ಎಂದ ರೇಣುಕಾಪ್ರಸಾದ್.

ಪೇಪರ್ ಬಂಡಲ್‌ಗಳ ನಡುವೆ ಕೂತಿದ್ದ ಶೇಷಪ್ಪ ಅಣ್ಣನ ಮಗಳ ಹಣೆ ನೋಡಿದ, ಕೆನ್ನೆ ನೋಡಿದ, ಬಿಗಿದ ಮುಷ್ಟಿ ನೋಡಿದ. ಗಾಡಿಯನ್ನು ಭದ್ರಾವತಿಯ ಕಡೆಗೆ ತಿರುಗಿಸಿದ.