ಶನಿವಾರದ ಸೀಲು

"ಕೊಡಲ್ಲ."

"ಕೊಡಲ್ಲ ಅಂದ್ರೆ ಹೇಗಮ್ಮ? ಲೈಬ್ರರಿ ಸಾಹೇಬರ ಆರ್ಡರ್ ಆಗಿದೆ."

"ಸಾಹೇಬರು ಓದ್ತಿದಾರಾ ಈ ಪುಸ್ತಕನ? ನಾನು ಓದ್ತಿದೀನಿ. ಇನ್ನೂ ನಲವತ್ತೆರಡು ಪುಟ ಇದೆ."

ಬಾಗಿಲ ಹೊರಗೆ ನಿಂತಿದ್ದವರು ಲೈಬ್ರರಿಯ ಅಟೆಂಡರ್ ಮಾಮ. ಹೆಗಲ ಮೇಲೆ ಗೋಣಿಚೀಲ, ಚೀಲದ ತುಂಬ ಪುಸ್ತಕ. ಬೆಳಗಿನಿಂದ ಮನೆ ಮನೆ ಅಲೆದು ಅವರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಬಾಗಿಲ ಒಳಗೆ, ಎರಡೂ ಕೈ ಅಡ್ಡ ಚಾಚಿ ನಿಂತವಳು ಚಿನಕುರುಳಿ. ಅವಳಿಗೂ ಒಂದು ಚಂದದ ಹೆಸರಿದೆ, ಇಲ್ಲ ಅಂತಲ್ಲ. ಆದರೆ ಆ ಹೆಸರು ಶಾಲೆಯಲ್ಲಿ ಹಾಜರಿ ಕೂಗುವಾಗ ಮಾತ್ರ ಹೊರಗೆ ಬರುತ್ತದೆ. ಬಾಯಿ ತೆರೆದರೆ ಪಟಪಟ ಸಿಡಿಯುವ ಹುಡುಗಿಗೆ ಬೀದಿಯವರು ಇಟ್ಟ ಹೆಸರೇ ಗಟ್ಟಿಯಾಗಿ ನಿಂತುಬಿಟ್ಟಿದೆ.

ಒಳಗೆ ಹೊಲಿಗೆ ಮಿಷನ್ನು ಗಕ್ಕನೆ ನಿಂತಿತು. ಅಮ್ಮ ಶಾಲೆಯ ಬ್ಯಾಗುಗಳಿಗೆ ಜಿಪ್ ಹೊಲಿಯುತ್ತಿದ್ದಳು.

"ಯಾಕೆ ಅವರನ್ನ ಬಿಸಿಲಲ್ಲಿ ನಿಲ್ಸಿದೀಯ? ಕೊಟ್ಟು ಕಳಿಸೆ!"

"ಇವತ್ತು ಯಾವ ವಾರ, ಅಮ್ಮ?"

"ಗುರುವಾರ. ಯಾಕೆ?"

ಚಿನಕುರುಳಿ ಪುಸ್ತಕದ ಹಿಂದಿನ ರಟ್ಟು ತೆರೆದು ಮಾಮನ ಮೂಗಿನ ಹತ್ತಿರ ಹಿಡಿದಳು. ಅಲ್ಲಿ ಅಂಟಿಸಿದ್ದ ಚೀಟಿಯಲ್ಲಿ ಸಾಲಾಗಿ ತಾರೀಖಿನ ಸೀಲುಗಳು. ಕೊನೆಯದು ಶನಿವಾರದ ತಾರೀಖು. "ನೋಡಿ. ಶನಿವಾರದ ತನಕ ಇದು ನಂದು."

ಮಾಮ ಚೀಲ ಕೆಳಗಿಟ್ಟು ಉಸ್ಸಪ್ಪಾ ಎಂದರು. "ಅದೇ ಶನಿವಾರ ಕಮಿಟಿ ಬರ್ತಿದೆ ಕಣೆ. ಈ ಸಲ ಒಳ್ಳೇ ಲೈಬ್ರರಿಯನ್ ಅಂತ ಯಾರಿಗೆ ಪ್ರಶಸ್ತಿ ಕೊಡೋದು, ನೋಡಕ್ಕೆ. ನಮ್ಮ ಲೈಬ್ರರಿ ಅಕ್ಕನ ಹೆಸರೂ ಇದೆ. ಕಪಾಟು ಖಾಲಿ ಹೊಡೀತಿದ್ರೆ ಬಂದವರು ಏನಂದ್ಕೋತಾರೆ? ಪ್ರಶಸ್ತಿ ಬಂದ್ರೆ ಹಿಂದಿನ ಕೋಣೆ ನಿಮಗೇ ಅಂತ ಸಾಹೇಬರು ಹೇಳಿದಾರೆ."

ಹಿಂದಿನ ಕೋಣೆ ಎಂದ ತಕ್ಷಣ ಚಿನಕುರುಳಿಯ ಕೈ ಸ್ವಲ್ಪ ಕೆಳಗಿಳಿಯಿತು. ಲೈಬ್ರರಿಯಲ್ಲಿ ಮಕ್ಕಳಿಗೆ ಅಂತ ಒಂದು ಮೊಳ ಜಾಗವಿಲ್ಲ. ಕಪಾಟಿನ ಸಂದಿಯಲ್ಲಿ, ಮೇಜಿನ ಅಡಿಯಲ್ಲಿ ಕೂತು ಓದಬೇಕು. ಪೇಪರ್ ಓದುವ ತಾತಂದಿರು ಬಂದರೆ ಅಲ್ಲಿಂದಲೂ ಎದ್ದೇಳಬೇಕು. ಹಿಂದೆ ಒಂದು ದೊಡ್ಡ ಕೋಣೆಯಿದೆ, ಕಿಟಕಿಯಿದೆ, ಹಳೆಯ ಕುರ್ಚಿಗಳಿವೆ. ಅದಕ್ಕೆ ಬೀಗ.

"ಹಾಗಾದ್ರೆ..." ಎಂದು ಅವಳು ರಾಗ ಎಳೆದಳು.

ಮಾಮ ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಇನ್ನೊಂದು ಮಾತು. ಶನಿವಾರ ನೀವ್ಯಾರೂ ಆ ಕಡೆ ತಲೆ ಹಾಕ್ಬೇಡಿ. ಮಕ್ಕಳು ಬಂದ್ರೆ ಗಲಾಟೆ, ಕೊಳೆ ಕಾಲು ಅಂತ ಸಾಹೇಬರು ಹೇಳಿದಾರೆ."

ಇಳಿದ ಕೈ ಮತ್ತೆ ಮೇಲೇರಿತು. "ಕೊಡಲ್ಲ. ಹೋಗಿ ಹೇಳಿ ನಿಮ್ಮ ಸಾಹೇಬರಿಗೆ!"

ಸಂಜೆ ಲೈಬ್ರರಿ ಅಕ್ಕನೇ ಬಂದರು. ಅಕ್ಕನ ತಲೆ ಅರ್ಧ ನರೆತಿದೆ. ಆದರೂ ಊರಿಗೆಲ್ಲ ಅವರು ಅಕ್ಕನೇ. ಪೇಪರ್ ಓದುವ ಹಲ್ಲಿಲ್ಲದ ತಾತನೂ ಅವರನ್ನು ಅಕ್ಕ ಅಂತಲೇ ಕರೆಯುವುದು.

ಅವರು ಮಿಷನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತು, ಕೈಯಲ್ಲಿದ್ದ ಕೀಲಿ ಗೊಂಚಲನ್ನು ತಿರುಗಿಸತೊಡಗಿದರು. ಗೊಂಚಲಿನಲ್ಲಿ ತುಕ್ಕು ಹಿಡಿದ ಒಂದು ಗಿಡ್ಡ ಕೀಲಿಯಿತ್ತು. ಮನಸ್ಸು ಸರಿಯಿಲ್ಲದಾಗ ಅಕ್ಕ ಅದನ್ನೇ ಹೆಬ್ಬೆರಳಲ್ಲಿ ಉಜ್ಜುತ್ತಾರೆ. ಅದು ಯಾವುದರ ಕೀಲಿ ಅಂತ ಚಿನಕುರುಳಿ ಒಮ್ಮೆ ಕೇಳಿದ್ದಳು. "ಯಾವುದರದ್ದೂ ಅಲ್ಲ ಬಿಡು" ಎಂದಿದ್ದರು.

"ಪುಸ್ತಕ ಕೊಟ್ಬಿಡೆ," ಎಂದರು ಅಕ್ಕ. "ಸೋಮವಾರ ನಿನಗೇ ವಾಪಸ್ ಕೊಡ್ತೀನಿ."

ಚಿನಕುರುಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಮಾಮ ಕೇಳಲಿ, ಸಾಹೇಬರು ಕೇಳಲಿ. ಅಕ್ಕನೂ ಕೇಳುವುದೇ?

"ಸೀಲು ಬಿದ್ದ ಮೇಲೆ ಅದು ಮಾತು ಕೊಟ್ಟ ಹಾಗೆ ಅಂತ ನೀವೇ ಹೇಳಿದ್ದಲ್ವಾ? ಹೋದ ವರ್ಷ ನಾನು ಒಂದು ದಿನ ಲೇಟಾಗಿ ತಂದಾಗ? ಈಗ ನೀವು ಮಾತು ತಪ್ಪಬಹುದಾ?"

"ಏಯ್! ದೊಡ್ಡವರ ಹತ್ರ ಹೀಗಾ ಮಾತಾಡೋದು?" ಅಮ್ಮ ಗದರಿದಳು.

"ಬಿಡಮ್ಮ," ಎಂದ ಅಕ್ಕ, ಪುಸ್ತಕ ತೆಗೆದುಕೊಂಡು ಹಿಂದಿನ ಚೀಟಿಯನ್ನು ಬೆರಳಲ್ಲಿ ಒತ್ತಿ ನೋಡಿದರು. ಚೀಟಿ ತುಂಬಿದರೆ ಅಕ್ಕ ಅದನ್ನು ಕಿತ್ತು ಎಸೆಯುವುದಿಲ್ಲ. ಅದರ ಮೇಲೆಯೇ ಇನ್ನೊಂದು ಅಂಟಿಸುತ್ತಾರೆ. ಹಾಗಾಗಿ ಮಕ್ಕಳು ಪುಸ್ತಕ ಆರಿಸುವುದು ಹಿಂದಿನಿಂದ. ಚೀಟಿ ದಪ್ಪವಾಗಿದ್ದಷ್ಟೂ ಒಳಗೆ ಮಜಾ ಜಾಸ್ತಿ. ಈ ಪುಸ್ತಕದಲ್ಲಿ ಒಂಬತ್ತು ಚೀಟಿಗಳಿದ್ದವು.

ಅಕ್ಕ ಬಹಳ ಹೊತ್ತು ಶನಿವಾರದ ಸೀಲನ್ನು ನೋಡಿದರು. ಆಮೇಲೆ ಪುಸ್ತಕವನ್ನು ಚಿನಕುರುಳಿಯ ಮಡಿಲಲ್ಲೇ ಇಟ್ಟು, ಎದ್ದು ಹೋದರು.

ಶುಕ್ರವಾರ ಶಾಲೆ ಬಿಟ್ಟ ಮೇಲೆ ಚಿನಕುರುಳಿಯೂ ಅವಳ ಗೆಳೆಯ ಮೋಟುವೂ ಲೈಬ್ರರಿಯ ಕಿಟಕಿಯಿಂದ ಇಣುಕಿದರು. ಮೋಟು ಕ್ಲಾಸಿನಲ್ಲೇ ಗಿಡ್ಡ. ಅವನು ಇಣುಕಲು ಇಟ್ಟಿಗೆ ಹಾಕಿಕೊಳ್ಳಬೇಕಾಯಿತು.

"ಅಬ್ಬಾ, ಎಷ್ಟು ಹೊಸ ಪುಸ್ತಕ!" ಎಂದ.

ಕಪಾಟುಗಳು ಕಿಕ್ಕಿರಿದಿದ್ದವು. ಹೆಚ್ಚೂಕಡಿಮೆ ಎಲ್ಲ ಹೊಸವು, ಪ್ಲಾಸ್ಟಿಕ್ ಹೊದಿಕೆಯವು. ಇಷ್ಟು ದಿನ ಅವು ಸಾಹೇಬರ ಆಫೀಸಿನ ಬೀರುವಿನಲ್ಲಿ ಮಲಗಿದ್ದವಂತೆ. ಮಾಮ ಮನೆ ಮನೆಯಿಂದ ತಂದ ಪುಸ್ತಕಗಳಲ್ಲಿ ಚೊಕ್ಕವಾಗಿದ್ದ ನಾಲ್ಕು ಮಾತ್ರ ಕಪಾಟಿಗೆ ಸೇರಿದ್ದವು. ಮೂಲೆ ಮಡಿದವು, ಬೆನ್ನಿಗೆ ಟೇಪ್ ಹಾಕಿದವು, ಚೀಟಿ ಉಬ್ಬಿದವು ಎಲ್ಲ ಬಾಗಿಲ ಹಿಂದಿನ ಗೋಣಿಚೀಲದಲ್ಲೇ ಬಿದ್ದಿದ್ದವು.

"ನಮ್ಮ ಪುಸ್ತಕಗಳನ್ನ ಬಚ್ಚಿಟ್ಟಿದಾರೆ," ಎಂದಳು ಚಿನಕುರುಳಿ. ಅವಳ ಮೈಯೆಲ್ಲ ಉರಿಯಿತು. "ನಾವು ಓದಿದ್ದು ಅಂತ ನಾಚಿಕೆಯೇನು ಇವರಿಗೆ? ಮೋಟು, ಯಾರ್ಯಾರು ಮಾಮನಿಗೆ ಪುಸ್ತಕ ಕೊಟ್ಟಿಲ್ಲ?"

"ನಾನು ಕೊಟ್ಟಿಲ್ಲ. ಮಾಮ ಬಂದಾಗ ಮಂಚದ ಕೆಳಗಿದ್ದೆ."

"ಶಭಾಷ್! ಇನ್ನೂ ಯಾರಿದಾರೆ ಹುಡುಕು. ನಾಳೆ ಎಲ್ಲರೂ ಹೋಗಿ ವಾಪಸ್ ಕೊಡೋಣ."

ಶನಿವಾರ ಹತ್ತು ಗಂಟೆಗೆ ಹನ್ನೊಂದು ಮಕ್ಕಳು ಕಾಲು ತೊಳೆದುಕೊಂಡು, ಪುಸ್ತಕ ಎದೆಗವಚಿಕೊಂಡು ಲೈಬ್ರರಿಯ ಮೆಟ್ಟಿಲ ಮುಂದೆ ಸಾಲು ನಿಂತರು. ಬಾಗಿಲಲ್ಲಿ ಸಾಹೇಬರು. ಅವರ ಅಂಗಿಯಲ್ಲಿ ಒಂದು ಸುಕ್ಕನ್ನು ಕಂಡವರಿಲ್ಲ. ಅದಕ್ಕೇ ಮಕ್ಕಳು ಅವರನ್ನು ಇಸ್ತ್ರಿ ಸಾಹೇಬರು ಅನ್ನುವುದು, ಬೆನ್ನ ಹಿಂದೆ.

"ಯಾರು ನಿಮ್ಮನ್ನ ಬರಕ್ಕೆ ಹೇಳಿದ್ದು?" ಗುಡುಗಿದರು ಸಾಹೇಬರು.

"ಸೀಲು, ಸರ್," ಎಂದಳು ಚಿನಕುರುಳಿ.

"ಏನು?"

"ಇವತ್ತಿನ ತಾರೀಖು ಇದೆ ಸರ್, ನೋಡಿ. ಇವತ್ತು ಕೊಡಲೇಬೇಕು."

ಮಾತೇನೋ ಗಟ್ಟಿಯಾಗಿ ಬಂತು. ಆದರೆ ಅವಳ ಮೊಣಕಾಲು ಗಡಗಡ ನಡುಗುತ್ತಿದ್ದವು. ಪುಣ್ಯಕ್ಕೆ ಸ್ಕರ್ಟು ಉದ್ದವಿತ್ತು, ಯಾರಿಗೂ ಕಾಣಲಿಲ್ಲ.

"ಸೋಮವಾರ ಬನ್ನಿ. ಈಗ ಮನೆಗೆ ನಡೀರಿ ಎಲ್ಲ!"

"ಹೋಗಲ್ಲ ಸರ್."

ಸಾಹೇಬರ ಮುಖ ಕೆಂಪಾಯಿತು. ಅಷ್ಟರಲ್ಲಿ ಅವರ ಹಿಂದಿನಿಂದ ಅಕ್ಕ ಬಂದರು. ಒಂದು ಕೈಯಲ್ಲಿ ಸ್ಟೂಲು, ಇನ್ನೊಂದರಲ್ಲಿ ರಿಜಿಸ್ಟರು, ಅದರ ಮೇಲೆ ಸೀಲು ಮತ್ತು ಇಂಕ್ ಪ್ಯಾಡು. ಸಾಹೇಬರನ್ನು ದಾಟಿ ಮೆಟ್ಟಿಲಿಳಿದು, ಸ್ಟೂಲಿನ ಮೇಲೆ ರಿಜಿಸ್ಟರು ಇಟ್ಟು, ತಾವು ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಏನ್ರೀ ಇದು? ಕಮಿಟಿ ಬರೋ ಹೊತ್ತಾಯ್ತು, ಒಳಗೆ ಬನ್ನಿ!"

"ಮಕ್ಕಳು ಒಳಗೆ ಬರಬಾರ್ದು ಅಂದ್ರಿ ಸರ್. ಸರಿ. ನಾನೇ ಹೊರಗೆ ಬಂದೆ," ಎಂದರು ಅಕ್ಕ. ಅವರ ದನಿ ಏರಲಿಲ್ಲ. "ಮೊದಲು ಯಾರಪ್ಪ?"

ಕಾರು ಬಂದು ನಿಂತಾಗ ಸಾಲು ಇನ್ನೂ ಕರಗಿರಲಿಲ್ಲ. ಕಮಿಟಿಯವರು ಮೂವರು. ಇಬ್ಬರನ್ನು ಸಾಹೇಬರು ಕೈಮುಗಿದು ಒಳಗೆ ಕರೆದೊಯ್ದರು. ಮೂರನೆಯವರು ಊರುಗೋಲು ಹಿಡಿದ ಒಬ್ಬ ಅಜ್ಜಿ. ಅವರು ಮೆಟ್ಟಿಲ ಹತ್ತಿರವೇ ನಿಂತು, ಗೋಡೆಗೆ ಒರಗಿ, ಚಿನಕುರುಳಿಯ ಪುಸ್ತಕ ಇಸಿದುಕೊಂಡರು. ಅವರೂ ತೆರೆದದ್ದು ಹಿಂದಿನಿಂದಲೇ!

"ಇದೇನೇ ಇದು, ಪುಸ್ತಕಕ್ಕೆ ದಿಂಬು ಕಟ್ಟಿದೀರಾ?" ಎಂದು ಉಗುರಿನಿಂದ ಚೀಟಿಗಳನ್ನು ಒಂದೊಂದಾಗಿ ಎಣಿಸಿದರು. "ಒಂಬತ್ತು! ಅಂಥದ್ದೇನಿದೆ ಇದರಲ್ಲಿ? ಕೊನೇಲಿ ಏನಾಗುತ್ತೆ?"

"ಹೇಳಲ್ಲ. ಬೇಕಾದ್ರೆ ನೀವೇ ಓದಿ," ಎಂದಳು ಚಿನಕುರುಳಿ. ಆವತ್ತು ಅವಳ ಬಾಯಿಗೆ ಅಡ್ಡಿಯೇ ಇರಲಿಲ್ಲ.

ಅಜ್ಜಿ ಬಾಯ್ತುಂಬ ನಕ್ಕರು. "ಹಾಗಾದ್ರೆ ನನ್ನ ಹೆಸರಿಗೆ ಬರ್ಕೊಳ್ಳಿ. ಓದೇಬಿಡ್ತೀನಿ."

"ಇವಳಾದ್ಮೇಲೆ ನನ್ನ ಸರದಿ!" ಮೋಟು ಕೂಗಿದ. ಆಮೇಲೆ ಅಜ್ಜಿಯ ಊರುಗೋಲು ನೋಡಿ ತಲೆ ಕೆರೆದುಕೊಂಡ. "ಹೋಗ್ಲಿ, ನೀವೇ ಮೊದಲು ತಗೊಳ್ಳಿ. ಆದ್ರೆ ತಾರೀಖು ಮೀರ್ಬಾರ್ದು."

ಅಕ್ಕ ಅಜ್ಜಿಯ ಹೆಸರು ಬರೆದುಕೊಂಡು, ಎರಡು ವಾರದ ನಂತರದ ಶನಿವಾರಕ್ಕೆ ಟಪ್ ಅಂತ ಸೀಲು ಒತ್ತಿದರು. ಅಜ್ಜಿ ಒಳಗೆ ಹೋಗಿ ಕಪಾಟಿನಿಂದ ಮೂರ್ನಾಲ್ಕು ಪುಸ್ತಕ ಎಳೆದು ಹಿಂದಿನ ರಟ್ಟು ತೆರೆದು ನೋಡಿದರು. ಒಂದರಲ್ಲೂ ಒಂದು ತಾರೀಖಿರಲಿಲ್ಲ. ಆಮೇಲೆ ಕಾರು ಹತ್ತಿ ಹೋದರು.

"ಪ್ರಶಸ್ತಿ ನಮ್ಮ ಅಕ್ಕಂಗೇ!" ಎಂದು ಚಿನಕುರುಳಿ ಬೀದಿಯೆಲ್ಲ ಸಾರಿದಳು. ಹನ್ನೆರಡು ದಿನ ಅವಳ ಕಾಲು ನೆಲದ ಮೇಲಿರಲಿಲ್ಲ.

ಗುರುವಾರ ಕಾಗದ ಬಂತು. ಲೈಬ್ರರಿಯ ಮೇಜಿನ ಸುತ್ತ ಮಾಮ, ಮೋಟು, ಚಿನಕುರುಳಿ ಎಲ್ಲ ಸೇರಿದ್ದರು. ಅಕ್ಕ ಗಟ್ಟಿಯಾಗಿಯೇ ಓದಿದರು. ಪ್ರಶಸ್ತಿ ಬೇರೆಯವರಿಗೆ ಹೋಗಿತ್ತು. ಈ ಲೈಬ್ರರಿಯಲ್ಲಿ ಭೇಟಿಯ ದಿನ ಶಿಸ್ತು ಕಂಡುಬರಲಿಲ್ಲ ಎಂದು ಟೈಪ್ ಮಾಡಿದ್ದರು.

ಚಿನಕುರುಳಿಯ ಕಣ್ಣು ತುಂಬಿ ಬಂತು. ಆವತ್ತು ಗುರುವಾರವೇ ಪುಸ್ತಕ ಕೊಟ್ಟಿದ್ದರೆ? ಮನೆಯಲ್ಲೇ ಸುಮ್ಮನೆ ಕೂತಿದ್ದರೆ?

"ನನ್ನಿಂದಲೇ ಹೋಯ್ತು," ಎಂದಳು. ದನಿ ಅವಳಿಗೇ ಕೇಳಿಸದಷ್ಟು ಸಣ್ಣಗಿತ್ತು.

"ಏನು ಹೋಯ್ತು?"

"ಪ್ರಶಸ್ತಿ. ಕೋಣೆ. ಎಲ್ಲ."

ಅಕ್ಕ ಮತ್ತೆ ಕಾಗದ ಎತ್ತಿಕೊಂಡರು. ಕಾಗದದ ಕೆಳಗೆ ಪೆನ್ನಿನಲ್ಲಿ ಬರೆದ ಒಂದು ಸಾಲಿತ್ತು. ಅದನ್ನು ಓದಿ ಅವರ ತುಟಿ ಅರಳಿತು. "ಕೇಳೇ ಇಲ್ಲಿ. 'ನಾನು ನಿಮ್ಮ ಹೆಸರನ್ನೇ ಬರೆದಿದ್ದೆ. ಶನಿವಾರ ಪುಸ್ತಕ ತಂದುಕೊಡುತ್ತೇನೆ. ಈ ಸಲ ಕೂರಲು ಒಂದು ಕುರ್ಚಿ ಇರಲಿ.'"

ಆ ಸಾಲಿನಷ್ಟನ್ನೇ ಕತ್ತರಿಯಲ್ಲಿ ಬಿಡಿಸಿ ಅಕ್ಕ ಡ್ರಾಯರಿನಲ್ಲಿ ಇಟ್ಟರು. ಉಳಿದ ಕಾಗದವನ್ನು ತಿರುಗಿಸಿ ನೋಡಿದರು. "ಒಳ್ಳೇ ಕಾಗದ. ಈ ಕಡೆ ಖಾಲಿ ಇದೆ," ಎಂದು ಅದನ್ನು ಉದ್ದುದ್ದಕ್ಕೆ ಕತ್ತರಿಸತೊಡಗಿದರು. ತಾರೀಖಿನ ಚೀಟಿಗೆ ಸರಿಯಾದ ಅಳತೆ! ಮೋಟು ಕಿಸಕ್ಕನೆ ನಕ್ಕ. ಅಕ್ಕನೂ ನಕ್ಕರು.

ಆಮೇಲೆ ಅವರು ಗೊಂಚಲು ತೆಗೆದುಕೊಂಡು, ತುಕ್ಕು ಹಿಡಿದ ಆ ಗಿಡ್ಡ ಕೀಲಿಯನ್ನು ಬಿಡಿಸಿ, ಹಿಂದಿನ ಕೋಣೆಯ ಬಾಗಿಲಿಗೆ ನಡೆದರು.

"ಅಕ್ಕ! ಸಾಹೇಬರು ಕೇಳಿದ್ರೆ?" ಮಾಮ ಗಾಬರಿಯಾದರು.

"ಕೇಳ್ಲಿ. ಉತ್ತರ ಬರೆದು ಕೊಡ್ತೀನಿ. ಕುರ್ಚಿ ಎಲ್ಲಾ ಇಲ್ಲೇ ಇರೋದು."

ಚಿನಕುರುಳಿ ಕಣ್ಣರಳಿಸಿದಳು. "ಕೀಲಿ ನಿಮ್ಮ ಹತ್ರಾನೇ ಇತ್ತಾ?"

"ಹ್ಞೂಂ. ಎಂಟು ವರ್ಷದಿಂದ."

"ಮತ್ತೆ ಯಾಕೆ ತೆಗೀಲಿಲ್ಲ?"

"ಯಾರಾದ್ರೂ ತೆಗಿ ಅಂತ ಹೇಳ್ಲಿ ಅಂತ ಕಾಯ್ತಿದ್ದೆ," ಎಂದರು ಅಕ್ಕ.

ಕೀಲಿ ಬೀಗಕ್ಕೆ ತಾಗಿ ಕಟಕಟ ಸದ್ದಾಯಿತು. ಒಳಗೆ ಹೋಗಲಿಲ್ಲ. ಅಕ್ಕ ಮತ್ತೆ ಹಿಡಿದರು, ಮತ್ತೆ ಜಾರಿತು. ಚಿನಕುರುಳಿ ಅವರ ಕೈ ನೋಡಿದಳು. ಕೈ ನಡುಗುತ್ತಿತ್ತು. ಅವಳಿಗೆ ಆ ಶನಿವಾರದ ತನ್ನ ಮೊಣಕಾಲು ನೆನಪಾಯಿತು. ಅಂದು ಮೆಟ್ಟಿಲ ಮೇಲೆ ಕೂತಿದ್ದ ಅಕ್ಕನ ಉದ್ದ ಸೀರೆಯೂ ನೆನಪಾಯಿತು.

ಅವಳು ಹತ್ತಿರ ಹೋಗಿ ಎರಡೂ ಕೈಯಿಂದ ಬೀಗವನ್ನು ಅಲುಗದಂತೆ ಹಿಡಿದುಕೊಂಡಳು.

"ಈಗ ತಿರುಗಿಸಿ, ಅಕ್ಕ."